ಬಾದಶಹನಿಗೆ ಬಿದ್ದ ನಲವತ್ತೊಂದು ಕಿಸ್ತು

ಕಮಲಾಪುರ
೧೧ ಮಾರ್ಚ್ ೧೯೫೨

ಕಲಬುರ್ಗಿಯ ಚದುರಂಗ ಪ್ರಸಾರ ಸಮಿತಿಯ ಘನ ಕಾರ್ಯದರ್ಶಿಗಳಿಗೆ, ಕಮಲಾಪುರದ ಶಾಲೆಯ ಕನ್ನಡ ಮಾಸ್ತರ ಅಂಬಣ್ಣನು ನಾಲ್ಕು ಜನ ಓದಲೆಂದೇ ಬರೆದ ಬಹಿರಂಗ ಪತ್ರ.

ಮಾನ್ಯರೇ,

ತಾವು ಕುಶಲವೆಂದೂ, ತಮ್ಮ ಜೀಪು ಕುಶಲವೆಂದೂ, ಹೋದ ಮಳೆಗಾಲದಲ್ಲಿ ನಮ್ಮೂರಿಗೆ ದಯಮಾಡಿಸಿದಾಗ ಹಾರಗಳ ಭಾರಕ್ಕೆ ನೊಂದಿದ್ದ ತಮ್ಮ ಕತ್ತು ಈಗ ಪೂರ್ತಿ ವಾಸಿಯಾಗಿದೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕಡೆಯ ಸಮಾಚಾರವೆಂದರೆ, ಶಾಲೆ ಇದೆ, ಮಕ್ಕಳಿದ್ದಾರೆ, ತಾವು ದಯಪಾಲಿಸಿದ ಚದುರಂಗದ ಪಟವೂ ಇದೆ. ಆಟ ಕಲಿಸಿದ ಇಮಾಮುದ್ದೀನ್ ಮಾಸ್ತರರು ಮಾತ್ರ ನಾಲ್ಕು ತಿಂಗಳಿಂದ ಇಲ್ಲ. ಅವರನ್ನು ತಿರುಗಿ ಶಾಲೆಗೆ ಕಳಿಸಿಕೊಡಬೇಕೆಂಬುದೊಂದೇ ನನ್ನ ಬಿನ್ನಹ. ಉಳಿದುದೆಲ್ಲ ತಮ್ಮ ಗುಣಗಾನ.

ಮೊದಲು ತಮ್ಮ ಉದಾರತೆಯನ್ನು ನೆನೆಯಬೇಕು. ವಿಶ್ವವಿದ್ಯಾಲಯದ ಪಂದ್ಯಾವಳಿಗಳಿಂದ ಹಿಡಿದು ಹಳ್ಳಿಯ ಶಾಲೆಯವರೆಗೆ ಚದುರಂಗವನ್ನು ಹಬ್ಬಿಸುವುದೇ ಸಮಿತಿಯ ಧ್ಯೇಯವೆಂದು ತಾವು ಅಂದು ಒಂದೂಕಾಲು ಗಂಟೆ ಅಪ್ಪಣೆ ಕೊಡಿಸಿದಿರಿ. ಆಮೇಲೆ ನಲವತ್ಮೂರು ಮಕ್ಕಳಿಗೆ ಒಂದು ಪಟ ಕೊಟ್ಟಿರಿ. ಕಾಯಿಗಳೆಲ್ಲಿ ಎಂದು ನಾನು ಅವಿವೇಕದಿಂದ ಕೇಳಿದಾಗ, ಪಟದ ಮಂಜೂರಾತಿ ಬೇರೆ, ಕಾಯಿಗಳ ಮಂಜೂರಾತಿ ಬೇರೆ, ಕಾಯಿಗಳ ಕಾಗದ ಇನ್ನೂ ಮೇಲಿನಿಂದ ಬರಬೇಕು ಎಂದು ತಾಳ್ಮೆಯಿಂದ ತಿಳಿಸಿಕೊಟ್ಟಿರಿ. ಕಾಯಿಯಿಲ್ಲದ ಚದುರಂಗದಲ್ಲಿ ಸೋಲುವವರಿಲ್ಲ, ಜಗಳವಿಲ್ಲ, ಸದ್ದಿಲ್ಲ. ಇಷ್ಟು ಶಾಂತವಾದ ಕ್ರೀಡೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಶಾಂತಿಯನ್ನು ಕೆಡಿಸಿದವರು ಇಮಾಮುದ್ದೀನ್ ಮಾಸ್ತರರು. ಅವರು ಹದಿನೆಂಟು ವರ್ಷ ನಮ್ಮ ಶಾಲೆಯಲ್ಲಿ ಉರ್ದು ಕಲಿಸಿದವರು. ಪೊಲೀಸ್ ಆಕ್ಷನ್ ಆಗಿ, ಬಾದಶಾಹಿ ಹೋಗಿ, ಶಾಲೆಯ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬದಲಾಗಿ, ಉರ್ದು ಮಾಸ್ತರರು ವರ್ಷದೊಳಗೆ ಕನ್ನಡ ಕಲಿಯದಿದ್ದರೆ ಮನೆಗೆ ಹೋಗಬೇಕೆಂಬ ಹುಕುಂ ಬಂದಾಗ, ಅವರು ಗೊಣಗಲಿಲ್ಲ. ಐವತ್ತು ದಾಟಿದ ಆ ಮನುಷ್ಯ ಎರಡನೇ ಇಯತ್ತೆಯ ಮಕ್ಕಳ ಜೊತೆ ತಟ್ಟಿನ ಮೇಲೆ ಕೂತು, ಪಾಟಿಯ ಮೇಲೆ ಅಕ್ಷರ ತಿದ್ದಿದರು. "ಅಂಬಣ್ಣ ಮಾಸ್ತರ್, ನಿಮ್ಮ ಳಕಾರ ನನ್ನ ನಾಲಿಗಿ ಮ್ಯಾಲೆ ಕುಂಡ್ರಾಕ ಒಲ್ಲದು ನೋಡ್ರಿ," ಎಂದು ನಗುತ್ತಿದ್ದರು. ಅವರಿಗೆ ಕನ್ನಡ ಕಲಿಸಿದವನು ನಾನು. ಇದನ್ನು ತಾವು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಅನಾಹುತದಲ್ಲಿ ನನ್ನದೂ ಕೈಯಿದೆ.

ತಾವು ಬಂದ ದಿನ ಅವರು ಊರಲ್ಲಿರಲಿಲ್ಲ; ಮರುದಿನ ತಾವು ಬಿಟ್ಟುಹೋದ ಪಟವನ್ನು ನೋಡಿ ಅವರಿಗೆ ಮರುಕ ಹುಟ್ಟಿತು. ಜೋಳದ ದಂಟು ಸುಲಿದು, ಒಳಗಿನ ಬೆಂಡಿನಿಂದ ಆನೆ, ಒಂಟೆ, ಕುದುರೆ ಕೆತ್ತಿದರು. ಸಿಬಿರಿನಿಂದ ಕಾಲು ಸಿಕ್ಕಿಸಿದರು. ಅವರ ಮನೆಯವರಾದ ಖುರ್ಷೀದ್ ಬೇಗಂ ಅರ್ಧ ಸೈನ್ಯಕ್ಕೆ ಮದರಂಗಿ ಹಚ್ಚಿ ಕೆಂಪು ಮಾಡಿಕೊಟ್ಟರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇನ್ನೂ ಮೂರು ಪಟ ಬರೆದದ್ದಾಯಿತು, ನಾಲ್ಕು ಪಟಕ್ಕೂ ಕಾಯಿ ತಯಾರಾದವು. ತಿಂಗಳೆರಡರಲ್ಲಿ ನಮ್ಮ ಮಕ್ಕಳು ಊಟದ ಗಂಟೆ ಹೊಡೆದರೂ ಏಳದಂತಾದರು.

ಪ್ರತಿ ತಿಂಗಳೂ ಪ್ರಗತಿ ವರದಿ ಕಳಿಸಬೇಕೆಂಬುದು ತಮ್ಮದೇ ಆಜ್ಞೆ. ಅಕ್ಟೋಬರಿನ ವರದಿಯನ್ನು ಇಮಾಮುದ್ದೀನ್ ಮಾಸ್ತರರು ಹಟ ಹಿಡಿದು ಕನ್ನಡದಲ್ಲೇ ಬರೆದರು. ಅದು ಅವರ ಜೀವಮಾನದ ಮೊದಲ ಕನ್ನಡ ಕಾಗದ. ಅದರ ಒಕ್ಕಣೆ ಹೀಗಿತ್ತು: 'ಈ ತಿಂಗಳು ನಮ್ಮ ಮಕ್ಕಳು ಬಾದಶಹನಿಗೆ ನಲವತ್ತೊಂದು ಕಿಸ್ತು ಕೊಟ್ಟಿರುತ್ತಾರೆ. ಮುಂದಿನ ತಿಂಗಳು ಇನ್ನೂ ಹೆಚ್ಚು ಕೊಡುವರು.'

ಚದುರಂಗದಲ್ಲಿ ರಾಜನಿಗೆ, ಅಂದರೆ ಬಾದಶಹನಿಗೆ, ಬೆದರಿಕೆ ಬಿದ್ದರೆ ಅವರ ಉರ್ದುವಿನಲ್ಲಿ 'ಕಿಶ್ತ್' ಎನ್ನುತ್ತಾರೆ. ಮಾಸ್ತರರು ಸರಿಯಾಗಿ 'ಕಿಶ್ತು' ಎಂದೇ ಬರೆದಿದ್ದರು. ನಮ್ಮ ಮಕ್ಕಳ ಬಾಯಲ್ಲಿ ಅದು 'ಕಿಸ್ತು' ಆಗಿತ್ತು. ಶುದ್ಧ ಬರಹದ ಅಭಿಮಾನಿಯಾದ ನಾನು ಕೆಂಪು ಶಾಯಿಯ ಲೇಖಣಿ ತೆಗೆದು, ಊರ ರೂಢಿಯಂತಿರಲೆಂದು ಶಕಾರ ಹೊಡೆದು ಸಕಾರ ಹಾಕಿದೆ. ರೈತರು ಸರ್ಕಾರಕ್ಕೆ ಕಟ್ಟುವ ಕಂದಾಯದ ಕಂತಿಗೂ ನಮ್ಮ ಕಡೆ ಕಿಸ್ತು ಎಂದೇ ಹೆಸರೆಂಬುದು ಆ ಕ್ಷಣ ನನ್ನ ತಲೆಗೆ ಹೊಳೆಯಲಿಲ್ಲ. ಅವರು ಉರ್ದುವಿನಲ್ಲಿ ಬರೆದಿದ್ದರೆ ಎರಡು ಶಬ್ದಗಳ ಅಕ್ಷರಗಳೇ ಬೇರೆ, ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಕನ್ನಡ ಕಲಿತ ತಪ್ಪಿಗೆ ಅವರು ಸಿಕ್ಕಿಬಿದ್ದರು, ಕಲಿಸಿದ ನಾನು ನೆಮ್ಮದಿಯಾಗಿ ಪಗಾರ ಎಣಿಸುತ್ತಿದ್ದೇನೆ.

ಹೊಳೆಯಬೇಕಾದುದು ತಮಗೆ ಹೊಳೆಯಿತು. ಬಾದಶಾಹಿ ಹೋಗಿ ಮೂರು ವರ್ಷವಾದ ಮೇಲೂ ಕಮಲಾಪುರದಲ್ಲಿ ಒಬ್ಬ ಮುಸಲ್ಮಾನ ಮಾಸ್ತರ ಮಕ್ಕಳ ಕೈಯಿಂದ ಬಾದಶಹನಿಗೆ ಕಂದಾಯ ಕೊಡಿಸುತ್ತಿದ್ದಾನೆ, ಮುಂದಿನ ತಿಂಗಳು ಇನ್ನೂ ಹೆಚ್ಚು ಕೊಡಿಸಲಿದ್ದಾನೆ ಎಂದು ತಾವು ಒಂದೇ ನೋಟಕ್ಕೆ ಕಂಡುಹಿಡಿದಿರಿ. ಹನ್ನೆರಡು ವರ್ಷದ ಮಕ್ಕಳಿಂದ ಭೂಕಂದಾಯ ಹೇಗೆ ಎತ್ತುವುದು ಎಂಬ ಸಣ್ಣ ಪ್ರಶ್ನೆಗಳಲ್ಲಿ ಕಾಲ ಕಳೆಯದೆ ತಾವು ಮೇಲಕ್ಕೆ ಕಾಗದ ಬರೆದಿರಿ. ವಾರದೊಳಗೆ ಪೊಲೀಸ್ ಠಾಣೆಯ ಅಮೀನ ಸಾಹೇಬರು ಇಬ್ಬರು ಜವಾನರೊಡನೆ ಶಾಲೆಗೆ ಬಂದರು. ಬೆಂಡಿನ ಕುದುರೆಯೊಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ನಾ ಏನ್ ಮಾಡ್ಲಿರೀ ಮಾಸ್ತರ್, ಮ್ಯಾಲಿಂದ ಕಾಗದ ಬಂದದ," ಎಂದು ತಲೆ ತಗ್ಗಿಸಿದರು. ಪಂಚನಾಮೆಯಲ್ಲಿ ಆನೆ ಹದಿನಾರು, ಒಂಟೆ ಹದಿನಾರು, ಕುದುರೆ ಹದಿನಾರು, ಕಾಲಾಳು ಅರವತ್ತನಾಲ್ಕು, ವಜೀರರು ಎಂಟು, ಬಾದಶಹರು ಎಂಟು ಎಂದು ದಾಖಲಾಯಿತು. ಜಪ್ತಿಯಾದ ಪ್ರಾಣಿಗಳು ಕೊಂಡವಾಡದಲ್ಲಿರಬೇಕೆಂಬುದು ಕಾನೂನು. ಕಾಗದದಲ್ಲಿ ಆನೆ ಕುದುರೆ ಎಂದಿದ್ದುದರಿಂದ ಕಾಯಿಗಳನ್ನು ತುಂಬಿದ ಚೀಲ ಸೀದಾ ಕೊಂಡವಾಡಕ್ಕೆ ಹೋಯಿತು, ಅಲ್ಲಿ ದಂಡ ಕಟ್ಟದೆ ನಿಂತಿದ್ದ ಎಮ್ಮೆಯೊಂದಕ್ಕೆ ಜೋಳದ ದಂಟಿನ ವಾಸನೆ ಹತ್ತಿತು. ಮರುದಿನ ವಿಚಾರಿಸಲು ಹೋದಾಗ ಕಾವಲಿನ ಯಂಕಪ್ಪ, "ಹದಿನಾರು ಆನಿ ಒಂದೇ ಎಮ್ಮಿ ತಿಂದದರೀ, ಹಂಗೇ ಬರಕೋರಿ," ಎಂದು ವರದಿ ಒಪ್ಪಿಸಿದ.

ನಾವು ನಗಬಹುದಿತ್ತು. ಆದರೆ ಆ ಸಂಜೆಯೇ ಇಮಾಮುದ್ದೀನ್ ಮಾಸ್ತರರಿಗೆ ಮುಅತ್ತಲ್, ಅಂದರೆ ಅಮಾನತು, ಆದ ಹುಕುಂ ಬಂದಿತು: ವಿಚಾರಣೆ ಮುಗಿಯುವ ತನಕ ಶಾಲೆಯ ಮೆಟ್ಟಿಲು ಹತ್ತಕೂಡದು. ನಾನು ಓಡೋಡಿ ತಮಗೆ ಅರ್ಜಿ ಬರೆದೆ, ಆ ಶಬ್ದದ ಅರ್ಥ ವಿವರಿಸಿದೆ, ಕೆಂಪು ಶಾಯಿಯ ತಪ್ಪು ನನ್ನದೆಂದು ಒಪ್ಪಿಕೊಂಡೆ. ತಾವು ಸ್ವಹಸ್ತದಿಂದ ಉತ್ತರಿಸಿದಿರಿ: 'ಚದುರಂಗದಲ್ಲಿ ಇಂಥ ಶಬ್ದವಿರುವುದು ನಮ್ಮ ಅರಿವಿಗೆ ಬಂದಿಲ್ಲ. ಉರ್ದು, ಕನ್ನಡ ಮತ್ತು ಚದುರಂಗ ಮೂರನ್ನೂ ಬಲ್ಲ ಸರ್ಕಾರಿ ನೌಕರರಿಂದ ಪ್ರಮಾಣಪತ್ರ ತಂದರೆ ಪರಿಶೀಲಿಸಲಾಗುವುದು.' ನಾನು ಸುತ್ತಮುತ್ತಲಿನ ಕಚೇರಿಗಳನ್ನೆಲ್ಲ ತಡಕಿದೆ. ಮೂರನ್ನೂ ಬಲ್ಲ ಸರ್ಕಾರಿ ನೌಕರರು ಒಬ್ಬರೇ ಸಿಕ್ಕರು, ಅವರ ಹೆಸರು ಇಮಾಮುದ್ದೀನ್. ಅವರಿಂದಲೇ ಪ್ರಮಾಣಪತ್ರ ಬರೆಸಿ ಕಳಿಸಿದೆ. ಮುಅತ್ತಲ್ ಆದವರ ರುಜು ನಡೆಯುವುದಿಲ್ಲವೆಂದು ತಮ್ಮ ಗುಮಾಸ್ತರು ಅದನ್ನು ಹಿಂದಿರುಗಿಸಿದರು.

ಈ ನಡುವೆ ತಮ್ಮ ಸುತ್ತೋಲೆಯೂ ಬಂದಿತು. ಶಾಲೆಗಳಲ್ಲಿ ಇನ್ನು ಮೇಲೆ ಕಿಸ್ತು ಎನ್ನದೆ 'ಸೂಚನೆ' ಎನ್ನತಕ್ಕದ್ದು. ಮಕ್ಕಳು ಹುಣಸೆ ಬೀಜ, ಬೆಣಚುಕಲ್ಲು ಜೋಡಿಸಿಕೊಂಡು ಸೂಚನೆ ಸೂಚನೆ ಎನ್ನುತ್ತ ಆಡಿದರು. ಹೋದ ತಿಂಗಳು ಕಲಬುರ್ಗಿಯಲ್ಲಿ ತಾವು ನಡೆಸಿದ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಾವಳಿಗೆ, ಶಾಲಾ ಪ್ರಸಾರದ ಫಲ ತೋರಿಸಲೆಂದು, ನಮ್ಮ ಆರನೇ ಇಯತ್ತೆಯ ಶೇವಂತಾಳನ್ನು ಕರೆಸಿದಿರಿ. ಅವಳ ತಾಯಿ ಭೀಮಬಾಯಿ ಬಾಳೆತೋಟದಲ್ಲಿ ಕೂಲಿ ಮಾಡುವಾಕೆ; ಅಂದು ಕೆಲಸ ಬಿಟ್ಟು ಮಗಳ ಜೊತೆ ಬಂದಿದ್ದಳು. ಶೇವಂತಾಳ ಎದುರಿಗೆ ಕೂತವರು ಆ ಪಂದ್ಯಾವಳಿ ಗೆದ್ದ ಕಾಲೇಜಿನ ಚಾಂಪಿಯನ್ನರೊಬ್ಬರು. ಸುತ್ತೋಲೆ ಶಾಲೆಗಳಿಗೆ ಹೋಗಿತ್ತೇ ಹೊರತು ಕಾಲೇಜುಗಳಿಗೆ ಹೋಗಿರಲಿಲ್ಲ. ಶೇವಂತಾ ಕುದುರೆ ನಡೆಸಿ ವಿನಯದಿಂದ "ಸೂಚನೆ ರೀ" ಎಂದಳು. ಚಾಂಪಿಯನ್ನರು ತಮಗೆ ಹಳ್ಳಿಯ ಹುಡುಗಿಯ ಸೂಚನೆ ಬೇಕಾಗಿಲ್ಲವೆಂದು ಗದರಿ, ಬೇರೆಲ್ಲೋ ಕಾಲಾಳು ತಳ್ಳಿದರು. ರಾಜನನ್ನು ಬೆದರಿಕೆಯಿಂದ ಬಿಡಿಸದ ಆ ನಡೆಯನ್ನು ಪಂಚರು ಹಿಂದೆ ತೆಗೆಸಿದರು, ಸಭೆ ನಕ್ಕಿತು, ಅಲ್ಲಿಂದ ಆರನೇ ನಡೆಗೆ ಅವರ ರಾಜ ಮೂಲೆಯಲ್ಲಿ ಸಿಕ್ಕಿ ಸತ್ತ.

ತಾವು ವೇದಿಕೆಯಿಂದ ಇಳಿದು ಬಂದು ಹುಡುಗಿಯ ತಲೆ ಸವರಿ ಪ್ರಶಸ್ತಿಪತ್ರ ಕೊಟ್ಟಿರಿ. ಅದರಲ್ಲಿ 'ತರಬೇತಿ ನೀಡಿದವರು' ಎಂಬ ಜಾಗದಲ್ಲಿ ತಮ್ಮ ಹೆಸರು ಅಂದವಾಗಿ ಮುದ್ರಿತವಾಗಿತ್ತು. ಒಂದೂಕಾಲು ಗಂಟೆಯ ಭಾಷಣವೂ ತರಬೇತಿಯೇ ಎಂದು ನಾನು ಸಮಾಧಾನ ಹೇಳಿಕೊಂಡೆ. ಭೀಮಬಾಯಿಗೆ ಓದು ಬಾರದು, ನಾನು ಓದಿ ಹೇಳಿದೆ. ಆಕೆ, "ಕಲಿಸಿದವರ ಹೆಸರಿಲ್ಲದ ಕಾಗದ ನಮ್ಮ ಮನ್ಯಾಗ ಎಲ್ಲಿ ಇಡೂದ್ರೀ? ಹೊಳ್ಳಿ ಕೊಟ್ಟುಬಿಡ್ರಿ," ಎಂದಳು. ಪ್ರಶಸ್ತಿಪತ್ರವನ್ನು ಈ ಪತ್ರದೊಡನೆ ಲಗತ್ತಿಸಿದ್ದೇನೆ. ನನಗೆ ನಾಚಿಕೆಯಾಯಿತು, ಮಾನ್ಯರೇ; ಸಿಟ್ಟೂ ಬಂದಿತು, ಇನ್ನೂ ಇಳಿದಿಲ್ಲ.

ಆದಕಾರಣ ಕೆಲವು ಕಿರು ಬೇಡಿಕೆಗಳು. ಎಮ್ಮೆಯ ಹೊಟ್ಟೆಯಲ್ಲಿರುವ ಎಂಟು ಬಾದಶಹರನ್ನು ಸುರಕ್ಷಿತವಾಗಿ ಬಿಡುಗಡೆ ಮಾಡಿಸಬೇಕು. ಅದು ಆಗದಿದ್ದರೆ ಆ ಎಮ್ಮೆಯನ್ನಾದರೂ ಸಮಿತಿಯ ಸದಸ್ಯೆಯನ್ನಾಗಿ ನೇಮಿಸಬೇಕು; ಚದುರಂಗವನ್ನು ಅದರಷ್ಟು ಜೀರ್ಣಿಸಿಕೊಂಡವರು ಅಲ್ಲಿ ಬೇರೆ ಯಾರೂ ಇದ್ದಂತಿಲ್ಲ. ಶಕಾರವನ್ನು ಸಕಾರ ಮಾಡಿದ ನನ್ನನ್ನು ಮುಅತ್ತಲ್ ಮಾಡಿ ಇಮಾಮುದ್ದೀನ್ ಮಾಸ್ತರರನ್ನು ಬಿಟ್ಟುಬಿಡಬೇಕು. ಈ ಕೊನೆಯದು ಮಾತ್ರ ತಮಾಷೆಯಲ್ಲ.

ಇಷ್ಟಾದರೂ ವಿಶ್ವಾಸ ಬಿಡಲಾಗದೆ, ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಅಂಬಣ್ಣ
ಕನ್ನಡ ಮಾಸ್ತರ, ಕಮಲಾಪುರ

ತಾ.ಕ.: ಇಮಾಮುದ್ದೀನ್ ಮಾಸ್ತರರು ಈಗ ತಮ್ಮ ಕಲಬುರ್ಗಿಯ ಮೋಮಿನಪುರದಲ್ಲಿ, ಖುರ್ಷೀದ್ ಬೇಗಂ ಅವರ ಸೋದರ ಖಮರುದ್ದೀನರ ಹೋಟೆಲಿನಲ್ಲಿ ಚಹಾ ಸೋಸುತ್ತಿದ್ದಾರೆ. ಕಾಗುಣಿತ ನೋಡಿಕೊಡಿರೆಂದು ನಿನ್ನೆ ಈ ಪತ್ರವನ್ನು ಅವರಿಗೆ ತೋರಿಸಿದೆ. ಈ ಸಲ ಕೆಂಪು ಶಾಯಿ ಅವರ ಕೈಯಲ್ಲಿರಲೆಂದು ನನ್ನ ಆಸೆ. ಲಗತ್ತಿಸಿದ ಪ್ರಶಸ್ತಿಪತ್ರದಲ್ಲಿ ತಮ್ಮ ಹೆಸರು ಓದಿ ಅವರ ಮುಖ ಅರಳಿತು. "ಅಯ್ಯ, ಸೆಕ್ರೆಟರಿ ಸಾಹೇಬರು ಇವರೇ ಏನ್ರೀ? ನಮ್ಮ ಜೋಡಿ ಇದೇ ಕಟ್ಟಿ ಮ್ಯಾಲೆ ಎಂಟು ಬ್ಯಾಸಗಿ ಆಡ್ಯಾರ. ಆಟ ಚಂದ ಆಡ್ತಿದ್ರು. ಕಿಶ್ತ್ ಅಂದ್ರ ಮಾತ್ರ ಭಾಳ ಸಿಟ್ಟಿಗೇಳ್ತಿದ್ರು," ಎಂದರು. ತಮ್ಮ ಮೇಲೆ ಅವರಿಗೆ ಏನೂ ಕೋಪವಿಲ್ಲ, ಸಲಾಂ ತಿಳಿಸಲು ಹೇಳಿದ್ದಾರೆ. ಆದಕಾರಣ ಈ ಪತ್ರವನ್ನೂ ತಾವು ಒಂದು ಕಿಸ್ತು ಎಂದೇ ಭಾವಿಸಬೇಕು. ಯಾವ ಅರ್ಥದಲ್ಲಿ ಎಂದು ಪ್ರಮಾಣಪತ್ರ ಲಗತ್ತಿಸಿಲ್ಲ, ತಮಗೆ ಗೊತ್ತಿದೆ.