ಕಾಲೇಜಿಗೆ ಹೋದ ಮುಯ್ಯಾಳು

ಹೆಂಡತಿ ಗಂಡನಿಗೆ ಕೊಡಬಹುದಾದ ಶಿಕ್ಷೆಗಳಲ್ಲಿ ಬೈಗುಳ ಬಹಳ ಸಣ್ಣದು. ಅದಕ್ಕೆ ನಾನು ಮದುವೆಯಾದ ಮೊದಲ ವರ್ಷವೇ ಒಗ್ಗಿಕೊಂಡೆ. ಮಾತು ಬಿಡುವುದು ಇನ್ನೊಂದು ಶಿಕ್ಷೆ. ಅದು ಶಿಕ್ಷೆಯೋ ಸೂಟಿಯೋ ಎಂಬುದು ನನಗೆ ಇಂದಿಗೂ ನಿಶ್ಚಯವಾಗಿಲ್ಲ. (ಈ ಕಾಗದವನ್ನು ನಾನು ಜೋಳದ ಚೀಲದ ಹಿಂದೆ ಬಚ್ಚಿಡುತ್ತೇನೆ.) ಆದರೆ ೧೯೭೪ರ ಬನ್ನಿ ಹಬ್ಬದ ಮರುದಿನ ನಮ್ಮಾಕೆ ನೀಲಕ್ಕ ವಿಧಿಸಿದ ಶಿಕ್ಷೆ ಯಾವ ಕಾಯಿದೆ ಪುಸ್ತಕದಲ್ಲೂ ಇಲ್ಲ. ನನಗೆ ಬಿಸಿರೊಟ್ಟಿ ಬಂದ್ ಆಯಿತು.

ಕಾರಣ ನಮ್ಮ ಮನೆಯ ಮುಂದಿನ ತಗ್ಗು. ಹನ್ನೊಂದು ವರ್ಷದ ಹಿಂದೆ ಗೋಡೆ ಕಟ್ಟಲು ಮಣ್ಣು ಬೇಕೆಂದು ಅದನ್ನು ಅಗೆಸಿದವನು ನಾನೇ. "ಗೋಡಿ ಮುಗದ ಮರುದಿನಾನ ಮುಚ್ಚತೇನಿ" ಎಂದು ಮಾತು ಕೊಟ್ಟವನೂ ನಾನೇ. ಆ ಮರುದಿನ ಇನ್ನೂ ಬಂದಿರಲಿಲ್ಲ, ಅಷ್ಟೆ. ನಮ್ಮದು ಸಂಶಿಯಿಂದ ಎರಡು ಮೈಲಿ ಒಳಗಿನ ಊರು, ಅಪ್ಪಟ ಎರೆಭೂಮಿ. ಮೃಗಶಿರೆಯ ಮಳೆಗೆ ತುಂಬಿದ ತಗ್ಗು ದೀಪಾವಳಿಯಾದರೂ ಬತ್ತುತ್ತಿರಲಿಲ್ಲ. ಬಾಜು ಮನೆಯ ರಸೂಲಸಾಬನ ಎಮ್ಮೆ ಅದರಲ್ಲಿ ಮಧ್ಯಾಹ್ನವೆಲ್ಲ ಮಲಗಿ, ನಾನು ಹೊರಗೆ ಬಂದರೆ ಬಾಡಿಗೆ ಕೊಡುವವರಂತೆ ಧಿಮಾಕಿನಿಂದ ನೋಡುತ್ತಿತ್ತು.

ಆ ಬನ್ನಿ ಹಬ್ಬಕ್ಕೆ ನೀಲಕ್ಕನ ಅಕ್ಕ ಗೌರಕ್ಕ ಅಣ್ಣಿಗೇರಿಯಿಂದ ಬಂದಳು. ಚಕ್ಕಡಿಯ ಗಾಲಿ ತಗ್ಗಿಗೆ ಇಳಿಯಿತು, ಚಕ್ಕಡಿ ವಾಲಿತು, ಒಂದು ಬುಟ್ಟಿ ಬೇಸನ್ ಉಂಡಿ ನೀರು ಪಾಲಾಯಿತು. ಉಂಡಿಯ ಹಿಂದೆಯೇ ಗೌರಕ್ಕನೂ ಇಳಿದಳು, ಮೊಳಕಾಲ ತನಕ. ಆಕೆ ಸಂಜೆಯೇ ಹೊರಟು ನಿಂತು ಹೇಳಿದ ಮಾತು ಇಡೀ ಓಣಿಗೆ ಕೇಳಿಸಿತು:

"ತಂಗಿ, ತಗ್ಗು ಮುಚ್ಚಿದ ಮ್ಯಾಲ ಹೇಳಿ ಕಳಸವ್ವಾ. ಇಲ್ಲಾಂದ್ರ ಈಜು ಕಲತ ಮ್ಯಾಲ ಬರ್ತೇವಿ."

ತವರಿನವರು ಬಾಗಿಲಿಂದ ಹಿಂದಿರುಗಿದರೆಂದು ನೀಲಕ್ಕ ಆ ದಿನ ಅತ್ತಳು. ಅದನ್ನು ನೋಡಿ ನನಗೂ ಒಳಗೊಳಗೆ ನಾಚಿಕೆಯಾಯಿತು, ಹೊರಗೆ ಮಾತ್ರ ತೋರಿಸಲಿಲ್ಲ. ಮರುದಿನ ತಾಟಿನಲ್ಲಿ ಬಂದದ್ದು ವಾರದ ಹಿಂದಿನ, ಒಣಗಿ ಕಲ್ಲಾದ ಕಟಕ ರೊಟ್ಟಿ.

"ಅಲ್ಲಲೇ, ನನ್ನ ಹಲ್ಲಿನ ಗತಿಯರ ನೋಡು!" ಎಂದೆ.

"ತಗ್ಗು ಮುಚ್ಚಿದ ದಿನ ಬಿಸಿರೊಟ್ಟಿ. ಅಲ್ಲೀತನಕಾ ಇದ. ಹಲ್ಲಿಗೆ ಬಿರಸಾದ್ರ ನೆನಸ್ಕೊಂಡ ತಿನ್ರಿ. ಮನಿ ಮುಂದ ಬೇಕಾದಷ್ಟು ನೀರೈತಿ."

ನಾನೇ ಸಲಿಕೆ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಕೇಳುವವರಿಗೆ ನನ್ನ ಸ್ಥಾನಮಾನ ಗೊತ್ತಿಲ್ಲ. ನಾನು, ಈರಬಸಪ್ಪ, ನಮ್ಮೂರ ತರುಣ ಸಂಘದ ಅಧ್ಯಕ್ಷ. ವಯಸ್ಸು ನಲವತ್ತೇಳು. ಊರಿನ ತರುಣರೆಲ್ಲ ಚಾವಡಿ ಕಟ್ಟೆಯ ಮೇಲೆ ಇಸ್ಪೀಟಿನಲ್ಲಿ ಮಗ್ನರಾಗಿದ್ದುದರಿಂದ ಸಂಘಕ್ಕೆ ಇದ್ದವರು ಇಬ್ಬರೇ ಸದಸ್ಯರು. ಇನ್ನೊಬ್ಬ ಐವತ್ತೆರಡರ ತರುಣ ರಸೂಲಸಾಬ, ಕಾರ್ಯದರ್ಶಿ. ಅಧ್ಯಕ್ಷನಾದವನು ಮಣ್ಣು ಹೊತ್ತರೆ ಹುದ್ದೆಯ ಘನತೆ ಏನಾಗಬೇಕು?

ಇಂಥ ಸಂಕಟದಲ್ಲಿ ದೇವರೇ ಕಳಿಸಿದಂತೆ ಹುಬ್ಬಳ್ಳಿಯ ಒಂದು ಕಾಲೇಜಿನಿಂದ ಪತ್ರ ಬಂತು. ರಾಷ್ಟ್ರೀಯ ಸೇವಾ ಯೋಜನೆಯ ನಲವತ್ತು ವಿದ್ಯಾರ್ಥಿಗಳು ದೀಪಾವಳಿ ಸೂಟಿಯಲ್ಲಿ ಹತ್ತು ದಿನ ನಮ್ಮೂರಲ್ಲಿ ಶ್ರಮದಾನ ಮಾಡುವರು. ಊರಿನಿಂದ ಸಂಶಿ ರಸ್ತೆಯ ತನಕ ಅರ್ಧ ಮೈಲಿ ಗರಸಿನ, ಅಂದರೆ ಜಲ್ಲಿಮಣ್ಣಿನ, ದಾರಿ ಹಾಕುವರು. ಗರಸು ಪಂಚಾಯತಿಯದು, ಚಕ್ಕಡಿ ರೈತರದು, ಮನೆಗೆ ಇಬ್ಬರಂತೆ ಊಟ ಊರವರದು, ಎಲ್ಲವನ್ನೂ ಹೊಂದಿಸುವ ಹೊಣೆ ತರುಣ ಸಂಘದ್ದು. ಪತ್ರ ಓದುತ್ತಿದ್ದಂತೆ ನನ್ನ ತಲೆಯಲ್ಲಿ ಬೆಳಕಾಯಿತು. ನಲವತ್ತು ಜೋಡಿ ಕೈ, ಒಂದು ತಗ್ಗು.

ಪಂಚಾಯತಿಯವರು ಮಾಡಿದ ನಕಾಶೆಯಲ್ಲಿ ದಾರಿ ನೆಟ್ಟಗೆ ಬಂದು ಚಾವಡಿಗೆ ಮುಟ್ಟುತ್ತಿತ್ತು. ನಾನು ಪೆನ್ಸಿಲ್ ಹಿಡಿದು ಕೊನೆಗೆ ಒಂದು ಚಿಕ್ಕ ಡೊಂಕು ಎಳೆದು, ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, "ಗ್ರಾಮ ಮಹಾದ್ವಾರದ ಅಭಿವೃದ್ಧಿ" ಎಂದು ಬರೆದೆ. ಶಿಬಿರದ ಮುಖ್ಯಸ್ಥರಾಗಿ ಬಂದ ಪ್ರೊಫೆಸರ್ ಕುಬೇರಪ್ಪನವರು ನಕಾಶೆ ನೋಡಿ ಕನ್ನಡಕ ಒರೆಸಿಕೊಂಡರು.

"ಅಧ್ಯಕ್ಷರ, ಈ ಮಹಾದ್ವಾರ ಯಾರದೋ ಮನಿ ಬಾಗಲಾ ಇದ್ದಾಂಗ ಐತಲ್ರಿ?"

"ಊರಿಗೆ ಬಂದಾಂವ ಮೊದಲ ನಮ್ಮನಿಗೇ ಬರ್ತಾನ್ರಿ ಸರ. ಹಿಂಗಾಗಿ ಮಹಾದ್ವಾರ ಅದ" ಎಂದೆ. ಅವರು ಇನ್ನೊಮ್ಮೆ ಕನ್ನಡಕ ಒರೆಸಿ ನಕಾಶೆ ಮಡಚಿದರು.

ನಮ್ಮ ಮನೆಗೆ ಊಟಕ್ಕೆ ಬಂದ ಇಬ್ಬರಲ್ಲಿ ಒಬ್ಬನು ವಿದ್ಯಾರ್ಥಿಗಳ ಮುಂದಾಳು ಲಕ್ಕಪ್ಪ. ಕಲಘಟಗಿ ಕಡೆಯ ದುಮ್ಮವಾಡದವನು, ರೈತನ ಮಗ. ಅವನ ತಾಟಿಗೆ ಒಲೆಯಿಂದ ಇಳಿದ ಉಬ್ಬು ರೊಟ್ಟಿ, ಅದರ ಮೇಲೆ ಬೆಣ್ಣೆ. ಅದೇ ಸಾಲಿನಲ್ಲಿ ಕುಳಿತ ಮನೆಯ ಯಜಮಾನನ ತಾಟಿಗೆ ಕಟಕ ರೊಟ್ಟಿ. ನಾನು ಮುರಿಯುವ ಸದ್ದಿಗೆ ಅವರಿಬ್ಬರೂ ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಲಕ್ಕಪ್ಪ ಮೊದಲ ದಿನದಿಂದಲೇ ಒಲೆಯ ಮುಂದೆ ಕುಳಿತು ನೀಲಕ್ಕನ ಜೊತೆ ಏನೋ ಗುಸುಗುಸು ಮಾತಾಡುವನು. ನಾನು ಹೋದರೆ ಅದು ತಟ್ಟನೆ ಅಗಸಿ ಚಟ್ನಿಯ ವಿಚಾರವಾಗುತ್ತಿತ್ತು. ನನಗೆ ಆಗ ಸಂಶಯ ಬರಬೇಕಿತ್ತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೇ ಸರಸ್ವತಿಗೆ ಕೈಮುಗಿದ ತಲೆ, ಬರಲಿಲ್ಲ.

ಏಳನೆಯ ದಿನ ದಾರಿ ಊರು ಮುಟ್ಟಿತು, ಎಂಟನೆಯ ದಿನ ಮಹಾದ್ವಾರ. ಎಂಟು ಹುಡುಗರು ತಗ್ಗಿಗೆ ಇಳಿದರು. ರಸೂಲಸಾಬನ ಎಮ್ಮೆಯನ್ನು ಎಬ್ಬಿಸುವುದಕ್ಕೇ ಅರ್ಧ ತಾಸು ಹೋಯಿತು. ನಾನು ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತು, ಸೀಟಿ ಊದುತ್ತ, ಎಲ್ಲಿ ಸುರಿಯಬೇಕು, ಎಲ್ಲಿ ತುಳಿಯಬೇಕು ಎಂಬ ಅಮೂಲ್ಯ ಮಾರ್ಗದರ್ಶನ ನೀಡಿದೆ. ಹನ್ನೆರಡು ಚಕ್ಕಡಿ ಮಣ್ಣು ಬಿತ್ತು. ಸಂಜೆಗೆ ನಮ್ಮ ಮನೆಯ ಮುಂದೆ ಅಗದಿ ಕಣದಂಥ ನೆಲ! ಹನ್ನೊಂದು ವರ್ಷದ ಮರುದಿನ ಒಂದೇ ದಿನದಲ್ಲಿ ಬಂದುಬಿಟ್ಟಿತು, ನನ್ನ ಬೆರಳಿಗೆ ಮಣ್ಣು ಹತ್ತದೆ.

ಆ ರಾತ್ರಿ ಬಿಸಿರೊಟ್ಟಿ ಬಂತು. ಜೊತೆಗೆ ಎಣ್ಣೆಗಾಯಿ. ಮೊದಲ ತುತ್ತು ಗಂಟಲಿಗೆ ಇಳಿಯುವಾಗ ನೀಲಕ್ಕ ಮೆಲ್ಲಗೆ ಕೇಳಿದಳು:

"ಮುಯ್ಯಿ ಯಾವಾಗ ತೀರಸ್ತೀರಿ?"

ನಮ್ಮ ಕಡೆ ಮುಯ್ಯಿ ಎಂದರೆ ಎಲ್ಲರಿಗೂ ಗೊತ್ತು. ಇಂದು ನೀವು ನನ್ನ ಹೊಲದಲ್ಲಿ ಕಳೆ ತೆಗೆದರೆ ನಾಳೆ ನಾನು ನಿಮ್ಮ ಹೊಲದಲ್ಲಿ ತೆಗೆಯಬೇಕು. ಕೂಲಿ ಕೊಟ್ಟರೆ ನಡೆಯುವುದಿಲ್ಲ, ಆಳಿಗೆ ಆಳು ಬರಬೇಕು. ಹಾಗೆ ತೀರಿಸಲು ಹೋದವನೇ ಮುಯ್ಯಾಳು.

"ಹುಚ್ಚಿ, ಇದು ಮುಯ್ಯಿ ಅಲ್ಲ, ಶ್ರಮದಾನ! ದಾನಾ ಹೊಳ್ಳಿ ಕೊಡೂದಲ್ಲ" ಎಂದು ನಕ್ಕೆ.

"ದಾನಾ ತಗೊಳ್ಳಾಕ ನಮಗೇನ ಕೈಕಾಲು ಇಲ್ಲೇನು? ಮಂದಿ ಮಕ್ಕಳು ಬಂದು ನಮ್ಮ ಬಾಗಲಾಗ ಬೆವರು ಸುರಸ್ಯಾರ. ನಾವು ಉಂಡು ಮಕ್ಕೊಂಡ್ರ ಆತೇನು? ಎಂಟ ಮಂದಿ ದುಡದಾರ. ಎಂಟ ಆಳು ಮುಯ್ಯಿ. ಮನ್ಯಾಗ ನಾವಿಬ್ಬರ. ನಾಕ ನಂದು, ನಾಕ ನಿಮ್ಮದು."

ಹೆಂಗಸರ ಮಾತು ರೊಟ್ಟಿ ಆರುವಷ್ಟರಲ್ಲಿ ಮರೆತುಹೋಗುತ್ತದೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಸಮಾರೋಪದ ದಿನ ಊರೆಲ್ಲ ಶಾಲೆಯ ಮುಂದೆ ನೆರೆದಿತ್ತು. ನಾನು ಮೂರು ದಿನ ಬಾಯಿಪಾಠ ಮಾಡಿದ್ದ ಭಾಷಣ ಆರಂಭಿಸಿದೆ. "ಹೇ ಭಾವೀ ಭಾರತದ ಭವ್ಯ ಸ್ತಂಭಗಳೇ! ನಮ್ಮ ಗ್ರಾಮವು ಆಚಂದ್ರಾರ್ಕವಾಗಿ ನಿಮಗೆ ಋಣಿಯಾಗಿರುತ್ತದೆ..."

ಹೆಂಗಸರ ನಡುವಿನಿಂದ ನೀಲಕ್ಕ ಎದ್ದು ನಿಂತಳು. "ಅಷ್ಟ ದಿನಾ ಯಾಕ ಇಟಗೋತೀರಿ? ಬರೋ ಅಮವಾಸಿಗೆ ತೀರಸ್ತೇವಿ ಅನ್ರಿ! ಅವರ ಕಾಲೇಜ ಹಿಂದ ದೊಡ್ಡ ತಗ್ಗ ಐತಂತ. ಆಟಕ್ಕ ಜಾಗಾ ಇಲ್ಲದ ಹುಡುಗರು ಮೂರ ವರ್ಷದಿಂದ ಅರ್ಜಿ ಕೊಡಾಕತ್ತಾರಂತ. ನಾವು ಹೋಗಿ ಮುಚ್ಚಿ ಬರೂಣು."

ಕಾಲೇಜಿನ ತಗ್ಗು ಇವಳಿಗೆ ಹೇಗೆ ಗೊತ್ತು ಎಂದು ನಾನು ಯೋಚಿಸುವ ಮೊದಲೇ ಊರು ಹೋ ಎಂದಿತು. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲದ ಕೆಲಸ ನಿಂತಿರುತ್ತದೆ. ರಸೂಲಸಾಬ ಎದ್ದು ಮೀಸೆ ತಿರುವಿದ. "ಖರೇ ಐತಿ ನಮ್ಮ ನೀಲಕ್ಕ ವೈನಿ ಮಾತು. ಎತ್ತಿಗೆ ಸೂಟಿ, ಮಂದಿಗೆ ಮುಯ್ಯಿ! ಸಂಘದ ಅಧ್ಯಕ್ಷರು ಮುಂದ ಆಗತಾರ, ನಾವೆಲ್ಲಾ ಹಿಂದ."

ಇಸ್ಪೀಟಿನ ತರುಣರೂ ಚಪ್ಪಾಳೆ ಹೊಡೆದರು. ಹುಬ್ಬಳ್ಳಿಗೆ ಹೋಗುವ ಆಸೆಗಿರಬಹುದು. ನಮ್ಮೂರಿಗೆ ಕಾಲೇಜಿನವರು ಮಣ್ಣು ಹೊರುವಾಗ ತಾವು ಇಸ್ಪೀಟ್ ಎಲೆ ಹಾಕುತ್ತ ಕುಳಿತಿದ್ದ ನಾಚಿಕೆಗೂ ಇರಬಹುದು. ಅಂದೇ ಇಪ್ಪತ್ತೆರಡು ಮಂದಿ ಸಂಘಕ್ಕೆ ಹೆಸರು ಕೊಟ್ಟರು.

ಅಮಾವಾಸ್ಯೆಯ ಬೆಳಿಗ್ಗೆ ನನಗೆ ಭಯಂಕರ ಸೊಂಟನೋವು ಬಂತು. ನೀಲಕ್ಕ ವಾರದ ಹಿಂದಿನ ಕಟಕ ರೊಟ್ಟಿಯ ಗಂಟನ್ನು ತಂದು ಹಾಸಿಗೆಯ ಬಾಜು ಇಟ್ಟಳು. ಸೊಂಟ ನೆಟ್ಟಗಾಯಿತು.

ಸಂಶಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ನಾವು ಅರವತ್ತು ಮಂದಿ ಹತ್ತಿದೆವು. ಸಲಿಕೆ, ಗುದ್ದಲಿ, ಬುಟ್ಟಿ, ರೊಟ್ಟಿಯ ಗಂಟು, ಮೊಸರಿನ ಗಡಿಗೆ. ಗಾಡಿಯ ಜನ ಹೌಹಾರಿ ಜಾಗ ಬಿಟ್ಟರು. ಹುಬ್ಬಳ್ಳಿಯ ಬೀದಿಯಲ್ಲಿ ನಾನು ಮುಂದೆ, ಸೀಟಿ ಬಾಯಲ್ಲಿ. ಕಾಲೇಜು ಮುಟ್ಟಿದಾಗ ಪ್ರಿನ್ಸಿಪಾಲರು ಮೆಟ್ಟಿಲ ತನಕ ಬಂದು ಕೈಮುಗಿದರು. "ಅಧ್ಯಕ್ಷರು ನಮ್ಮ ಕೋಣ್ಯಾಗ ಬರ್ರಿ, ಚಹಾ ತಗೊಳ್ಳೂಣು" ಎಂದರು. ಕುರ್ಚಿಗೆ ಮೆತ್ತೆ ಇತ್ತು. ಕುಳಿತೆ. ಬಾಗಿಲಲ್ಲಿ ನೀಲಕ್ಕ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ತಲೆಗಿಡುವ ಸಿಂಬಿ.

"ಸರ, ಇವರಿಗೆ ಚಹಾ ಆಮ್ಯಾಲ ಕೊಡ್ರಿ. ಇವರು ನಾಕ ಆಳ ಮುಯ್ಯಿ ತೀರಸೋದು ಐತಿ."

ಹೀಗೆ ನಾನು ನಲವತ್ತೇಳನೆಯ ವಯಸ್ಸಿನಲ್ಲಿ, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು, ಉಚ್ಚ ಶಿಕ್ಷಣ ಆರಂಭಿಸಿದೆ. ಮೊದಲ ಬುಟ್ಟಿಗೆ ಕುತ್ತಿಗೆ ಒಳಗೆ ಹೋಯಿತು. ಐದನೆಯದಕ್ಕೆ ರೂಢಿಯಾಗಿ ಹೊರಗೆ ಬಂತು. ಮೇಲಿನ ಕಿಟಕಿಗಳಲ್ಲಿ ವಿದ್ಯಾರ್ಥಿಗಳು ಮೊದಲು ನಕ್ಕರು. ಆಮೇಲೆ ಅರವತ್ತು ವರ್ಷದ ಮುದುಕಿಯರು ಸೆರಗು ಸಿಗಿಸಿ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುವುದನ್ನು ಕಂಡು ನಗು ನಿಂತಿತು. ಲಕ್ಕಪ್ಪ ಅಂಗಿ ತೋಳು ಮಡಚಿ ಓಡಿ ಬಂದ. ಅವನ ಹಿಂದೆ ಶಿಬಿರದವರು, ಅವರ ಹಿಂದೆ ಶಿಬಿರದ ಹೆಸರನ್ನೇ ಕೇಳದವರು. ಗಂಟೆ ಹೊಡೆಯಿತು, ಯಾರೂ ಒಳಗೆ ಹೋಗಲಿಲ್ಲ. ಪ್ರೊಫೆಸರ್ ಕುಬೇರಪ್ಪನವರು ಕನ್ನಡಕ ಕಿಸೆಗೆ ಹಾಕಿಕೊಂಡು ಬುಟ್ಟಿ ಎತ್ತಿದರು. ಮೂರು ವರ್ಷದ ಅರ್ಜಿಯ ತಗ್ಗು ಮಧ್ಯಾಹ್ನ ಮೂರು ಗಂಟೆಗೆಲ್ಲ ಮೈದಾನವಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಎದೆ ಉಬ್ಬಿತು. ಬೆನ್ನು ನೋಯುತ್ತಿತ್ತು, ಆದರೂ ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. (ಜೋಳದ ಚೀಲದ ಹಿಂದೆ, ನೆನಪಿರಲಿ.)

ಎಲ್ಲರೂ ಹೊಸ ಮೈದಾನದಲ್ಲಿ ಕುಳಿತು ರೊಟ್ಟಿ ಉಣ್ಣುವಾಗ ಪ್ರಿನ್ಸಿಪಾಲರು ಕೇಳಿದರು: "ಇಂಥಾ ವಿಚಾರ ಹೊಳದದ್ದು ಯಾರಿಗ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. ಲಕ್ಕಪ್ಪ ಮೊದಲೇ ಬಾಯಿ ಬಿಟ್ಟ.

"ನೀಲಕ್ಕ ಅವ್ವಾರಿಗ್ರಿ ಸರ. ನಕಾಶಿ ಡೊಂಕ ನೋಡಿ ಅದು ಅಧ್ಯಕ್ಷರ ಮನಿ ತಗ್ಗು ಅಂತ ನಮಗ ಮೊದಲನೇ ದಿನಾನ ಗೊತ್ತಾತ್ರಿ. ನಾವು ಮುಚ್ಚಂಗಿಲ್ಲ ಅಂತ ನಿಂತಿದ್ವಿ. ಅವ್ವಾರು ಒಲಿ ಮುಂದ ಕುಂದ್ರಿಸಿ, ನಿಮ್ಮ ಕಾಲೇಜಿನ್ಯಾಗ ಏನರ ತಗ್ಗ ಐತೇನೋ ತಮ್ಮಾ ಅಂತ ಕೇಳಿದ್ರು. ಐತಿ ಅಂದೆ. 'ಹಂಗಾದ್ರ ನಮ್ಮದು ಮುಚ್ರಿ. ನಮ್ಮ ಯಜಮಾನರನ್ನ ಮುಯ್ಯಿಗೆ ಕಳಸ್ತೇನಿ' ಅಂತ ಮಾತು ಕೊಟ್ರು."

ಮೈದಾನ ನಗೆಯಿಂದ ಬಿದ್ದು ಹೊರಳಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ರಸೂಲಸಾಬ. ನಾನು ಕಾಲೇಜಿಗೆ ಟೊಪ್ಪಿಗೆ ಹಾಕಿದೆನೆಂದು ಬೀಗುತ್ತಿದ್ದಾಗ, ನಮ್ಮಾಕೆ ನನ್ನನ್ನೇ ಮುಂಗಡವಾಗಿ ಬರೆದುಕೊಟ್ಟಿದ್ದಳು. ಲಕ್ಕಪ್ಪ ಎದ್ದು ನಿಂತು, "ಇವತ್ತ ನೀವು ಅರವತ್ತ ಮಂದಿ ಬಂದೀರಿ, ನಾವು ಬಂದಾಂವರು ನಲವತ್ತ. ಇನ್ನ ಮುಯ್ಯಿ ನಮ್ಮ ಮ್ಯಾಲೈತಿ. ಬರೋ ವರ್ಷ ಬರ್ತೇವ್ರಿ" ಎಂದ. ನಮ್ಮ ಇಪ್ಪತ್ತೆರಡು ತರುಣರು ಬುಟ್ಟಿ ಮೇಲೆತ್ತಿ ಕೂಗಿದರು.

ಮರು ವಾರ ನೀಲಕ್ಕ ಅಣ್ಣಿಗೇರಿಗೆ ಹೇಳಿ ಕಳಿಸಿದಳು. ಗೌರಕ್ಕನ ಚಕ್ಕಡಿ ಗರಸಿನ ದಾರಿಯಲ್ಲಿ ಗಲಗಲ ಬಂದು ಬಾಗಿಲ ಮುಂದೆಯೇ ನಿಂತಿತು. ಉಂಡಿಯ ಬುಟ್ಟಿ ಒಂದು ಹನಿ ನೀರೂ ತಾಗದೆ ಒಳಗೆ ಬಂತು. ಅಕ್ಕತಂಗಿಯರು ಕೈಹಿಡಿದುಕೊಂಡು ಬಹಳ ಹೊತ್ತು ನಿಂತರು. ನಾನು ಒಲೆಯ ಮುಂದೆ ಕುಳಿತು, ಬೆಣ್ಣೆ ಕರಗುವ ಬಿಸಿರೊಟ್ಟಿಯನ್ನು ಇನ್ನೇನು ಮುರಿಯಬೇಕು, ಹೊರಗಿನ ಮಾತು ಕಿವಿಗೆ ಬಿತ್ತು.

"ಪುಣ್ಯಾ ಮಾಡಿದಿ ತಂಗಿ" ಎನ್ನುತ್ತಿದ್ದಳು ಗೌರಕ್ಕ. "ಹುಬ್ಬಳ್ಳಿತನಕಾ ಹೋಗಿ ಮಣ್ಣ ಹೊತ್ತ ಬಂದಾರಂತ ನಿಮ್ಮಾಂವರು. ನಮ್ಮಾಂವರು ಒಂದ ತಂಬಿಗಿ ಎತ್ತಿ ಇಡಂಗಿಲ್ಲ."

ನೀಲಕ್ಕನ ದನಿ ಬಹಳ ಮೃದುವಾಗಿತ್ತು.

"ಹಂಗೇನವ್ವಾ? ಅಲ್ಲಕ್ಕಾ, ನಿಮ್ಮ ಹಿತ್ತಲದಾಗ ಏನರ ತಗ್ಗ ಐತೇನು?"

ನಾನು ರೊಟ್ಟಿಯನ್ನು ಬೇಗ ಬೇಗ ತಿನ್ನತೊಡಗಿದೆ.