ಸ್ಕೇಟ್ ಕಚ್ಚಿದ ಚಿಕ್ಕಮ್ಮ

ಚಪ್ಪಲಿ ಕಚ್ಚೋದು ಎಲ್ಲರಿಗೂ ಗೊತ್ತು. ಹೊಸದು ಹಾಕ್ಕೊಂಡು ನಾಕು ಹೆಜ್ಜೆ ನಡೆದ್ರೆ ಹಿಮ್ಮಡಿ ಸುಲಿದು ಬೊಬ್ಬೆ ಬರುತ್ತೆ. ಆದ್ರೆ ನಮ್ಮ ಮನೇಲಿ ಉಲ್ಟಾ. ಚಪ್ಪಲಿ ನಮ್ಮನ್ನ ಕಚ್ಚಲ್ಲ, ನಮ್ಮ ಚಿಕ್ಕಮ್ಮ ಚಪ್ಪಲಿನ ಕಚ್ತಾರೆ!

ಹೌದ್ರೀ, ಹಲ್ಲಲ್ಲೇ. ಬಣ್ಣ ಹಚ್ಚಿ ಹೇಳೋಕೆ ನನಗೆ ಬರಲ್ಲ, ಇದ್ದಿದ್ದು ಇದ್ದಂಗೆ ಹೇಳ್ತೀನಿ. ಚಪ್ಪಲಿ, ಶೂ, ಬೂಟು, ಏನೇ ಹೊಸದು ಮನೆಗೆ ಬರಲಿ, ಯಾರೂ ಅದಕ್ಕೆ ಕಾಲು ಹಾಕೋ ಹಂಗಿಲ್ಲ. ಮೊದಲು ಚಿಕ್ಕಮ್ಮನ ಕೈಗೆ ಕೊಡಬೇಕು. ಅವರು ಸೆರಗಲ್ಲಿ ಒರೆಸಿ, ಅಂಚು ಹಿಡಿದು, ಕಟಕ್ ಅಂತ ಒಂದು ಕಚ್ಚು ಕಚ್ಚಿ ವಾಪಸ್ ಕೊಡ್ತಾರೆ.

"ಅದು ನಮ್ಮನ್ನ ಕಚ್ಚೋಕೆ ಮುಂಚೆ ನಾವು ಅದನ್ನ ಕಚ್ಚಬೇಕು ಕಣೋ. ಆಮೇಲೆ ಅದಕ್ಕೆ ಭಯ ಇರುತ್ತೆ" ಅಂತಾರೆ.

ಚಪ್ಪಲಿಗೆ ಭಯ! ಮದುವೆಯಾದ ಹೊಸದ್ರಲ್ಲಿ ಚಿಕ್ಕಪ್ಪನ ಆಫೀಸ್ ಶೂನ ಅವರ ಕಣ್ಣೆದುರಿಗೇ ಕಚ್ಚಿದ್ರಂತೆ. ಶೂಗೆ ಭಯ ಬಂತೋ ಇಲ್ವೋ ಗೊತ್ತಿಲ್ಲ, ಚಿಕ್ಕಪ್ಪನಿಗೆ ಬಂದಿದ್ದು ಇವತ್ತಿಗೂ ಹೋಗಿಲ್ಲ.

ಚಿಕ್ಕಪ್ಪ ರೈಲ್ವೇಲಿದ್ದಾರೆ. ಅರಸೀಕೆರೆಯಿಂದ ಬನಾರಸ್‌ಗೆ ಹಾಕಿದ್ರು. ವಾಪಸ್ ಹಾಕಿ ಅಂತ ಕೇಳಿ ಕೇಳಿ ಸಾಕಾಗಿ ಇಲ್ಲೇ ಉಳಿದ್ರು. ನಾನು ಆಮೇಲೆ ಬಂದವನು. ಓದು ಹತ್ತಲಿಲ್ಲ, ಕ್ಯಾಂಟ್ ಸ್ಟೇಷನ್ ಮುಂದೆ ಆಟೋ ಓಡಿಸ್ತೀನಿ. ಅವರಿಗೊಬ್ಬಳು ಮಗಳು, ಅಂದ್ರೆ ನನಗೆ ತಂಗಿ. ಅವಳು ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಬೈದ್ರೆ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಹಿಂದೀಲಿ. ನಾನು ಅವಳಿಗೆ ಅಣ್ಣ ಅಲ್ಲ, ಭೈಯಾ.

ಚಿಕ್ಕಮ್ಮನದು ಇನ್ನೊಂದು ಶಾಸ್ತ್ರ ಇದೆ. ಕಾಲಿಗೆ ಏನೇ ತಗೊಂಡ್ರೂ ಎರಡು ಸೈಜ್ ದೊಡ್ಡದು. ಯಾಕೆ ಅಂದ್ರೆ "ಬೆಳೆಯೋ ಕಾಲು". ನನ್ನ ಮೊದಲ ಶೂ ಒಳಗೆ ನಾನಲ್ಲದೆ ಇನ್ನೊಬ್ಬ ಬಾಡಿಗೆಗೆ ಇರಬಹುದಿತ್ತು! ಮುಂದೆ ಖಾಲಿ ಜಾಗಕ್ಕೆ ಹತ್ತಿ ತುರುಕೋದು. ಚಿಕ್ಕಪ್ಪನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ, ಅವರ ಶೂಗೂ ಹತ್ತಿ. "ನನ್ನ ಕಾಲು ಇನ್ನೆಲ್ಲಿಗೆ ಬೆಳೆಯುತ್ತೆ ಮಾರಾಯ್ತಿ?" ಅಂತ ಒಂದೇ ಒಂದು ಸಲ ಕೇಳಿದ್ರು. "ದೇವರ ಮನಸಲ್ಲಿ ಏನಿದೆಯೋ ಯಾರಿಗೆ ಗೊತ್ತು" ಅಂದ್ರು ಚಿಕ್ಕಮ್ಮ.

ಇಷ್ಟೇ ಆಗಿದ್ರೆ ನಕ್ಕು ಸುಮ್ನಾಗಬಹುದಿತ್ತು. ಆದ್ರೆ ನಮ್ಮ ತಂಗಿ ಚಕ್ರದ ಸ್ಕೇಟ್ ಹಾಕ್ಕೊಂಡು ಹಾಕಿ ಆಡ್ತಾಳೆ. ಕಂಟೋನ್ಮೆಂಟ್ ಕಡೆ ಒಂದು ಸಿಮೆಂಟ್ ಮೈದಾನ ಇದೆ, ಅಲ್ಲಿ ಕಲಿತಿದ್ದು. ಅವಳು ಓಡೋದು ನೋಡಬೇಕು ನೀವು! ನಮ್ಮ ಆಟೋಗೆ ಆ ಪಿಕಪ್ ಇಲ್ಲ. ಹೋದ ವರ್ಷ ಲಕ್ನೋ ಮ್ಯಾಚಿಗೆ ಹೊಸ ಸ್ಕೇಟ್ ಬೇಕಾಯ್ತು. ಚಿಕ್ಕಮ್ಮ ಕೊಡಿಸಿದ್ರು. ಎರಡು ಸೈಜ್ ದೊಡ್ಡದು, ಮುಂದೆ ಹತ್ತಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸ್ಕೇಟ್ ಒಂದು ಕಡೆ ತಿರುಗಿತು, ಕಾಲು ಇನ್ನೊಂದು ಕಡೆ. ಬ್ಯಾಂಡೇಜ್ ಸುತ್ಕೊಂಡು ಸ್ಟೇಷನ್ನಿಂದ ನನ್ನ ಆಟೋದಲ್ಲೇ ಮನೆಗೆ ಬಂದಳು. ಚಿಕ್ಕಮ್ಮ ಆ ಮೈದಾನಕ್ಕೆ ಬೈದ್ರು, ಎದುರು ಟೀಮಿಗೆ ಬೈದ್ರು, ಇಡೀ ಲಕ್ನೋಗೆ ಬೈದ್ರು. ಸ್ಕೇಟಿಗೆ ಮಾತ್ರ ಒಂದು ಮಾತೂ ಬೈಲಿಲ್ಲ. ಅದನ್ನ ಸಜ್ಜೆ ಮೇಲೆ, ಯಾರ ಕಣ್ಣಿಗೂ ಬೀಳದಂಗೆ ಹಿಂದಕ್ಕೆ ತಳ್ಳಿ ಇಟ್ರು.

ಈ ಚಳಿಗಾಲ ಕೋಚ್ ಸರ್ ಬಂದು ಹೇಳಿದ್ರು, ಲಡಾಖ್‌ನಲ್ಲಿ ಐಸ್ ಹಾಕಿ ಕ್ಯಾಂಪ್, ನಿಮ್ಮ ಹುಡುಗಿ ಹೆಸರು ಬಂದಿದೆ ಅಂತ. ಆದ್ರೆ ಒಂದು ಷರತ್ತು. ಐಸ್ ಸ್ಕೇಟ್ ಅವಳದೇ ಇರಬೇಕು, ಕಾಲಿಗೆ ಸರಿಯಾಗಿ ಕೂತಿರಬೇಕು. ಮೊದಲ ದಿನವೇ ನೋಡ್ತಾರೆ. ಹಿಮ್ಮಡಿ ಒಳಗೆ ಅಲ್ಲಾಡಿದ್ರೆ ಐಸ್ ಮೇಲೆ ಇಳಿಸಲ್ಲ, ಬಂದ ದಾರಿ ಹಿಡಿಸ್ತಾರೆ.

ಐಸ್! ಬನಾರಸ್‌ನಲ್ಲಿ ಐಸ್ ಇರೋದು ಎರಡೇ ಕಡೆ. ಒಂದು ಲಸ್ಸಿ ಗ್ಲಾಸಲ್ಲಿ, ಇನ್ನೊಂದು ಮೀನಿನ ಪೆಟ್ಟಿಗೇಲಿ. "ಆಡೋಕೆ ಮಣ್ಣಿಗೆ ಬರ ಬಂದಿದೆಯಾ? ನಮ್ಮ ಹುಡುಗಿ ಏನು ಮೀನಾ, ಐಸ್ ಮೇಲೆ ಇಡೋಕೆ?" ಅಂತ ಚಿಕ್ಕಮ್ಮ ಕೋಚ್ ಸರ್‌ಗೇ ದಬಾಯಿಸಿದ್ರು. ಸಾಯಂಕಾಲ ನೋಡಿದ್ರೆ ಗಲ್ಲಿ ಪೂರ್ತಿ ಡಂಗೂರ! ಹಾಲಿನವನಿಗೆ, ತರಕಾರಿಯವಳಿಗೆ, ಪಾನ್ ಅಂಗಡಿಯವನಿಗೆ. "ಹಮಾರಾ ಬೇಟಿ ಬರಫ್ ಪೇ ಹಾಕಿ ಖೇಲ್ತಾ ಹೈ!" ಇಷ್ಟು ವರ್ಷ ಆದ್ರೂ ಹಿಂದೀಲಿ ಗಂಡು ಹೆಣ್ಣು ಅವರಿಗೆ ಒಂದೇ. ಪಾನ್ ಅಂಗಡಿಯವನು "ಬೇಟಾ ಯಾ ಬೇಟಿ?" ಅಂದ. "ಎರಡೂ ಅವಳೇ ಹೈ" ಅಂದ್ರು.

ಸ್ಕೇಟ್ ಹುಡುಕಿದ್ದು ಕೋಚ್ ಸರ್ರೇ. ಸಾರನಾಥದಲ್ಲಿ ಓದೋ ಒಬ್ಬಳು ಲಡಾಖ್ ಹುಡುಗಿ ಹತ್ರ ಎರಡು ಜೊತೆ ಇತ್ತು. ಒಂದು ಅವಳದೇ ಹಳೇದು, ಇನ್ನೊಂದು ಅವಳ ಅಣ್ಣಂದು. ಚಿಕ್ಕಮ್ಮ, ತಂಗಿ, ನಾನು, ಮೂವರೂ ನನ್ನ ಆಟೋದಲ್ಲಿ ಹೋದ್ವಿ. ಚಿಕ್ಕಮ್ಮ ಕೂತ ತಕ್ಷಣ ಆ ಅಣ್ಣನ ಸ್ಕೇಟಿಗೇ ಕೈ ಹಾಕಿದ್ರು. ದೊಡ್ಡದು!

"ಇದೇ ಸರಿ. ಹತ್ತಿ ನನ್ನ ಬ್ಯಾಗಲ್ಲೇ ಇದೆ."

ಲಡಾಖ್ ಹುಡುಗಿ ತಲೆ ಆಡಿಸಿದಳು. "ಇಲ್ಲ ಆಂಟಿ. ಐಸ್ ಸ್ಕೇಟ್ ಶೂ ನಂಬರಿಗಿಂತ ಚಿಕ್ಕದೇ ಇರಬೇಕು" ಅಂದಳು ಹಿಂದೀಲಿ.

ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮನ ಮುಖ ನೋಡಬೇಕಿತ್ತು! ಸೂರ್ಯ ಪಡುವಣದಲ್ಲಿ ಹುಟ್ತಾನೆ ಅಂದಿದ್ರೂ ಒಪ್ಕೊಳ್ತಿದ್ರೋ ಏನೋ. "ಚಿಕ್ಕದಾ? ಬೇಕಂತಲೇ ಚಿಕ್ಕದಾ? ಶಿವನೇ! ಕಚ್ಚಲ್ವಾ ಅದು?" ಅಂತ ಹೇಳಿ ಆ ಹುಡುಗಿ ಕಡೆ ತಿರುಗಿ ತಮ್ಮ ಹಿಂದೀಲಿ ಕೇಳಿದ್ರು, "ಯೇ ಜೂತಾ ಕಚ್ಚಾ ಹೈ ಕ್ಯಾ?"

ಹಿಂದೀಲಿ ಕಚ್ಚಾ ಅಂದ್ರೆ ಗಟ್ಟಿ ಇಲ್ಲದ್ದು. ಆ ಹುಡುಗಿಗೆ ಸ್ವಲ್ಪ ಅವಮಾನ ಆಯ್ತು ಅನ್ಸುತ್ತೆ. "ನಹೀ ಆಂಟಿ, ಏಕ್‌ದಮ್ ಪಕ್ಕಾ ಹೈ!" ಅಂದಳು.

"ನೋಡೋ, ಪಕ್ಕಾ ಕಚ್ಚುತ್ತಂತೆ! ಅವಳೇ ಒಪ್ಕೊಂಡಳು!"

ತಂಗಿ ಗೋಡೆ ಕಡೆ ತಿರುಗಿ ನಗ್ತಾ ಇದ್ದಳು. ನಾನು ಅರ್ಥ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಚಿಕ್ಕಮ್ಮ ಚಿಕ್ಕ ಸ್ಕೇಟ್ ಎತ್ಕೊಂಡು ಸೆರಗಲ್ಲಿ ಒರೆಸೋಕೆ ಶುರು ಮಾಡಿದ್ರು. ಬೇಡ ಚಿಕ್ಕಮ್ಮ, ಅಂದೆ. ಯಾರು ಕೇಳ್ತಾರೆ? ಮುಂದಿನ ತುದಿಗೇ ಬಾಯಿ ಹಾಕಿದ್ರು. ಆ ತುದಿ ಏನು ಚರ್ಮ ಅಂದ್ಕೊಂಡ್ರಾ? ಹಾಕಿ ಚೆಂಡು, ಅಂದ್ರೆ ಐಸ್ ಹಾಕೀಲಿ ಚೆಂಡಲ್ಲ, ರಬ್ಬರಿನ ಬಿಲ್ಲೆ, ಅದು ಬಂದು ಬಡಿದ್ರೂ ಬಗ್ಗಬಾರದು ಅಂತ ಮಾಡಿರೋ ಪ್ಲಾಸ್ಟಿಕ್! ಟಕ್ ಅಂತ ಸದ್ದು ಬಂತು. ಚಿಕ್ಕಮ್ಮ ಕೆನ್ನೆ ಹಿಡ್ಕೊಂಡ್ರು.

"ಕಲ್ಲು ಕಣೋ ಇದು, ಕಲ್ಲು!"

ಲಡಾಖ್ ಹುಡುಗಿ ನನ್ನ ಹತ್ರ ಬಂದು ಮೆಲ್ಲಗೆ ಕೇಳಿದಳು. "ಭೈಯಾ, ಆಂಟಿಗೆ ಹಸಿವಾಗಿದೆಯಾ? ಬಿಸ್ಕೆಟ್ ತರಲಾ?"

ಆಮೇಲೆ ಆ ಹುಡುಗಿ ತಂಗಿ ಕಾಲಿಗೆ ಚಿಕ್ಕ ಸ್ಕೇಟ್ ಹಾಕಿ, ಲೇಸ್ ಬಿಗಿದು, ನೆಟ್ಟಗೆ ನಿಲ್ಲು ಅಂದಳು. ಹೆಬ್ಬೆರಳು ತುದಿಗೆ ತಾಗ್ತು. "ತಾಗ್ತಿದೆ, ತೆಗಿ ತೆಗಿ!" ಅಂತ ಚಿಕ್ಕಮ್ಮ ಎದ್ದೇ ಬಿಟ್ರು. "ಈಗ ಮೊಣಕಾಲು ಬಗ್ಗಿಸು" ಅಂದಳು ಆ ಹುಡುಗಿ. ತಂಗಿ ಆಟಕ್ಕೆ ನಿಂತಂಗೆ ಬಗ್ಗಿದಳು. ಬೆರಳು ಹಿಂದಕ್ಕೆ ಸರೀತು, ಹಿಮ್ಮಡಿ ಹೋಗಿ ಗೂಡಲ್ಲಿ ಕೂತಂಗೆ ಕೂತ್ಕೊಳ್ತು. "ಅಬ್ ಠೀಕ್ ಹೈ ಮಮ್ಮಿ" ಅಂದಳು.

ಚಿಕ್ಕಮ್ಮ ನಂಬಲಿಲ್ಲ. ನೆಲದ ಮೇಲೆ ಕೂತು ಹಿಮ್ಮಡಿ ಹಿಂದೆ ಕಿರುಬೆರಳು ತೂರಿಸಿ ನೋಡಿದ್ರು. ಹೋಗಲಿಲ್ಲ. ಸ್ಕೇಟ್ ಹಿಡಿದು ಅಲ್ಲಾಡಿಸಿದ್ರು. ಕಾಲೂ ಜೊತೆಗೇ ಅಲ್ಲಾಡ್ತು, ಒಳಗೆ ಮಾತ್ರ ಏನೂ ಜರುಗಲಿಲ್ಲ.

"ಲಕ್ನೋದಲ್ಲಿ ಉಳುಕಿದ್ದು ಯಾವ ಕಾಲು?"

"ಯೇ ವಾಲಾ."

ಆ ಕಾಲನ್ನ ಮತ್ತೆ ಹಿಡಿದು ನೋಡಿದ್ರು. ಮತ್ತೊಂದು ಸಲ ನೋಡಿದ್ರು. ಆಮೇಲೆ ತಲೆ ಎತ್ತದೇನೇ ಆ ಹುಡುಗಿಗೆ ಕನ್ನಡದಲ್ಲೇ ಹೇಳಿದ್ರು, "ಚಿಕ್ಕದೇ ಕೊಡಮ್ಮ." ಅವಳಿಗೆ ಹೆಂಗೆ ಅರ್ಥ ಆಯ್ತೋ, ಚಿಕ್ಕದೇ ಕಟ್ಟಿ ಕೊಟ್ಟಳು.

ಇನ್ನು ಮುಗೀತು ಅಂದ್ಕೊಂಡೆ. ಎಲ್ಲಿ ಮುಗಿಯುತ್ತೆ! ಹೊಸದಾಗಿ ಮತ ಸೇರಿದವರ ಭಕ್ತಿ ಜಾಸ್ತಿ ಅಂತಾರಲ್ಲ, ಹಂಗಾಯ್ತು. ಚಿಕ್ಕಪ್ಪನ್ನ ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ ಬಾಗಿಲಲ್ಲಿ ನಿಲ್ಲಿಸಿ ಮೊಣಕಾಲು ಬಗ್ಗಿಸಿದ್ರು. ಒಂದು ದಿನ ಚಿಕ್ಕಮ್ಮನ್ನ ದಶಾಶ್ವಮೇಧ ಘಾಟ್‌ಗೆ ಕರ್ಕೊಂಡು ಹೋದೆ. ತುಮಕೂರು ಕಡೆಯಿಂದ ಬಂದ ಯಾತ್ರಿಗಳು ಮೆಟ್ಟಿಲು ಇಳೀತಾ ಇದ್ರು. ಅದರಲ್ಲೊಬ್ಬ ಯಜಮಾನರನ್ನ ಅಡ್ಡ ಹಾಕಿದ್ರು.

"ರೀ, ನಿಲ್ಲಿ. ನಿಮ್ಮ ಹಿಮ್ಮಡಿ ಎದ್ದೇಳ್ತಿದೆ!"

"ಅಮ್ಮಾ, ನಾನು ಪಿಂಡ ಇಡೋಕೆ ಹೋಗ್ತಿದ್ದೀನಿ."

"ಇಡಿ, ಯಾರು ಬೇಡ ಅಂದ್ರು? ಈ ಚಪ್ಪಲೀಲಿ ಇಳಿದ್ರೆ ನಿಮಗೂ ಸೇರಿಸಿ ಇಡಬೇಕಾಗುತ್ತೆ."

ಆ ಯಜಮಾನರು ಚಪ್ಪಲಿ ಕೈಗೆ ತಗೊಂಡು ಬರಿಗಾಲಲ್ಲಿ ಇಳಿದು ಹೋದ್ರು!

ಇದರ ಮಧ್ಯೆ ಒಂದು ತೊಂದರೆ ಆಯ್ತು. ಹಿಮ್ಮಡಿ ಸರಿ, ಬೆರಳು ಸರಿ, ಪಾದದ ಪಕ್ಕದ ಗೆಣ್ಣಿನ ಹತ್ರ ಒತ್ತೋಕೆ ಶುರುವಾಯ್ತು. ಲಡಾಖ್ ಹುಡುಗಿಗೆ ಫೋನ್ ಮಾಡಿದ್ವಿ. ಸ್ವಲ್ಪ ಬಿಸಿ ಮಾಡಿ ಹಾಕ್ಕೊಂಡು, ಲೇಸ್ ಕಟ್ಟಿ, ಆರೋ ತನಕ ಅಲ್ಲಾಡದೆ ಕೂತ್ಕೊಂಡ್ರೆ ಕಾಲಿನ ಆಕಾರಕ್ಕೆ ಬರುತ್ತೆ, ಅಂಗಡೀಲಿ ಅದಕ್ಕೇ ಒಲೆ ಇರುತ್ತೆ ಅಂದಳು. ಜಾಸ್ತಿ ಬಿಸಿ ಮಾಡಬೇಡಿ, ಅಂಟು ಬಿಡುತ್ತೆ ಅಂತಲೂ ಹೇಳಿದಳು. ಚಿಕ್ಕಮ್ಮ ಸೀದಾ ನಮ್ಮ ಗಲ್ಲಿ ಬಿಸ್ಕೆಟ್ ಭಟ್ಟಿಗೆ ಹೋದ್ರು. ಭಟ್ಟಿಯವನು ಕೈ ಮುಗಿದ. "ಮಾತಾಜಿ, ಇದರಲ್ಲಿ ಜನ ತಿನ್ನೋದು ಬೇಯಿಸ್ತೀನಿ."

"ನಾನೂ ಬಾಯಿ ಹಾಕಿದ್ದೀನಿ ಇದಕ್ಕೆ" ಅಂದ್ರು ಚಿಕ್ಕಮ್ಮ. ಅವನು ಭಟ್ಟಿ ಬಾಗಿಲೇ ಹಾಕ್ಕೊಂಡ.

ಆಮೇಲೆ ಹೊಳೆದಿದ್ದು ಬ್ಯೂಟಿ ಪಾರ್ಲರ್. ಅಲ್ಲಿ ತಲೆ ಮೇಲೆ ಗುಂಡಗೆ ಟೋಪಿ ಥರ ಬಿಸಿ ಗಾಳಿ ಬಿಡೋ ಮೆಷಿನ್ ಇರುತ್ತಲ್ಲ! ಒಂದು ಕುರ್ಚೀಲಿ ಮದುವೆ ಹುಡುಗಿ, ಪಕ್ಕದ ಕುರ್ಚೀಲಿ ನಮ್ಮ ಸ್ಕೇಟ್. ನಾನು ಬಾಗಿಲ ಹತ್ರ ನಿಂತಿದ್ದೆ, ಒಳಗೆ ಬಿಡಲಿಲ್ಲ. ಒಳಗಿಂದ ಬಂದ ಕೆಲಸದವಳು ಮುಖ ನೋಡದೆ ಕೇಳಿದಳು, "ಕಟಿಂಗ್ ಯಾ ಸೆಟ್ಟಿಂಗ್?"

"ಸೆಟ್ಟಿಂಗ್" ಅಂದ್ರು ಚಿಕ್ಕಮ್ಮ, ಗಂಭೀರವಾಗಿ.

ಬಿಸಿ ಸ್ಕೇಟ್ ಹಾಕ್ಕೊಂಡು ತಂಗಿ ಆ ಕುರ್ಚೀಲಿ ಮಹಾರಾಣಿ ಥರ ಕೂತಳು. ಅಲ್ಲಾಡಬಾರದಲ್ಲ, ಅದಕ್ಕೆ ಚಿಕ್ಕಮ್ಮ ಅವಳ ಎರಡೂ ಕಾಲು ತಮ್ಮ ಮಡಿಲಲ್ಲಿ ಇಟ್ಕೊಂಡ್ರು. "ಮಮ್ಮಿ, ಪಾಪ್ ಲಗೇಗಾ" ಅಂದಳು ತಂಗಿ. ದೊಡ್ಡವರ ಮೈಗೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದು ನಮ್ಮಲ್ಲಿ ರೂಢಿ, ಅವಳು ಮುಟ್ಟೋಕೆ ಬಗ್ಗಿದಳು. "ಬಗ್ಗಬೇಡ, ಸೆಟ್ಟಿಂಗ್ ಕೆಡುತ್ತೆ! ಪಾಪ ಆರಿದ ಮೇಲೆ ನೋಡ್ಕೊಳ್ಳೋಣ!" ಅಂತ ಗದರಿದ್ರು. ಮದುವೆ ಹುಡುಗಿ ನಕ್ಕು ನಕ್ಕು ಅವಳ ಮುಖದ ಪೌಡರ್ ಬಿರುಕು ಬಿಡ್ತು. ಆರಿದ ಮೇಲೆ ತಂಗಿ ಎದ್ದು ನಿಂತಳು. ಗೆಣ್ಣು ಒತ್ತಲಿಲ್ಲ.

ತಂಗಿ ಲಡಾಖ್‌ಗೆ ಹೋದಳು. ಮೊದಲ ದಿನ ಬೆಳಿಗ್ಗೆ ನಾನು ಆಟೋ ತೆಗೀಲಿಲ್ಲ. ಚಿಕ್ಕಪ್ಪ ರಜ ಹಾಕಿ ಸ್ಟೂಲ್ ಮೇಲೆ ಕೂತಿದ್ರು. ಚಿಕ್ಕಮ್ಮ ಒಲೆ ಹಚ್ಚಲಿಲ್ಲ. ನನ್ನ ಫೋನಿಗೆ ವೀಡಿಯೋ ಕಾಲ್ ಬಂತು. ಅವಳ ಜೊತೆ ಹುಡುಗಿ ಯಾರೋ ಫೋನ್ ಹಿಡಿದಿದ್ದಳು. ಹೆಪ್ಪುಗಟ್ಟಿದ ಕೆರೆ, ಹಿಂದೆ ಬೋಳು ಬೆಟ್ಟ. ಒಬ್ಬರು ಮೇಡಂ ಬಗ್ಗಿ ತಂಗಿ ಹಿಮ್ಮಡಿ ಹಿಡಿದು ಅಲ್ಲಾಡಿಸ್ತಾ ಇದ್ರು. ಒಂದು ಕಾಲು ನೋಡಿದ್ರು. ಇನ್ನೊಂದು ನೋಡಿದ್ರು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದ್ರು, ಉಗುರು ನಾಟೋ ಹಂಗೆ. ಆ ಮೇಡಂ ಎದ್ದು ತಂಗಿ ಬೆನ್ನು ತಟ್ಟಿ, ಹೋಗು ಅಂತ ಐಸ್ ಕಡೆ ಕೈ ತೋರಿಸಿದ್ರು.

ಹೋದಳು. ನಾಕು ಹೆಜ್ಜೆಗೆ ದಬ್ ಅಂತ ಬಿದ್ದಳು. ಚಿಕ್ಕಪ್ಪ "ಅಯ್ಯೋ" ಅಂದ್ರು. ತಂಗಿ ಎದ್ದಳು, ಪ್ಯಾಂಟ್ ಒರೆಸ್ಕೊಂಡಳು, ಬಗ್ಗಿ ಒಂದು ತಳ್ಳು ತಳ್ಳಿದಳು ನೋಡಿ, ಸುಯ್ ಅಂತ ಸ್ಕ್ರೀನಿನಿಂದ ಆಚೆ ಹೋಗೇಬಿಟ್ಟಳು!

ಬರೀ ಬಿಳಿ ಕೆರೆ ಉಳೀತು. ಯಾರೂ ಇಲ್ಲ. ಗಾಳಿ ಸದ್ದು. ಇನ್ನು ಕಾಣಲ್ಲ ಬಿಡಿ ಅಂತ ನಾನು ಫೋನ್ ಇಳಿಸೋಕೆ ಹೋದೆ.

"ಇಡಬೇಡ ಕಣೋ" ಅಂದ್ರು ಚಿಕ್ಕಮ್ಮ, ಮೆಲ್ಲಗೆ. "ಕೆರೆ ಗುಂಡಗಿದೆ. ಸುತ್ತಿ ಇಲ್ಲಿಗೇ ಬರ್ತಾಳೆ."

ಕಾದ್ವಿ. ಖಾಲಿ ಐಸ್ ನೋಡ್ತಾ ಮೂವರೂ ಕೂತ್ವಿ. ಮೊದಲು ಸದ್ದು ಬಂತು, ಚಾಕು ಮಸೆದಂಗೆ. ಆಮೇಲೆ ಅವಳು ಬಂದಳು. ನಮ್ಮ ಕಡೆ ನೋಡಲೂ ಇಲ್ಲ, ಅಷ್ಟು ಜೋರಾಗಿ ಹೋಗ್ತಿದ್ದಳು. ಚಿಕ್ಕಮ್ಮ ನನ್ನ ಕೈ ಬಿಡಲಿಲ್ಲ. ಇನ್ನೊಂದು ಸುತ್ತಿಗೆ ಕಾಯ್ತಾ ಇದ್ರು.