ಹೋದ ಕರೆಂಟು ತಿರುಗಿ ಬರಬೇಕು

ಭಾನುವಾರ ಬೆಳಿಗ್ಗೆ ಅಮರೇಶ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿದ್ದಾಗ ಅವನ ಸೋದರಮಾವ ಮಡಿವಾಳಪ್ಪ ಬಾಗಿಲಲ್ಲಿ ಕಾಣಿಸಿಕೊಂಡ.

"ಸಂಜಿಗೆ ಕೆಂಗೇರಿಗೆ ಹೆಣ್ಣು ನೋಡಾಕ ಹೋಗೂಣು. ಒಂದು ಸಣ್ಣ ಮಾತು ಐತಿ. ನೀನು ಎಲೆಕ್ಟ್ರಿಕಲ್ ಲೈನಿನ್ಯಾಗ ಅದೀ ಅಂತ ಹೇಳೀನಿ."

ಅಮರೇಶ ಅರ್ಧ ನೊರೆ ನುಂಗಿಬಿಟ್ಟ. ಅವನು ಬಿನ್ನಿಪೇಟೆಯ ಪಾರ್ಸೆಲ್ ಆಫೀಸೊಂದರಲ್ಲಿ ಬುಕಿಂಗ್ ಕ್ಲರ್ಕು. ಬಲ್ಬು ಹೋದರೆ ಹೊಸದನ್ನು ಹಾಕಲು ಪಕ್ಕದವರನ್ನು ಕರೆಯುವ ಗಿರಾಕಿ.

"ಮಾವಾ, ನಂಗೂ ಕರೆಂಟಿಗೂ ಏನ್ ಸಂಬಂಧ?"

"ಯಾಕಿಲ್ಲ? ಫ್ಯಾನಿನ ಡಬ್ಬಿ, ವೈರಿನ ಸುರುಳಿ ಎಲ್ಲಾ ನಿಮ್ಮ ಆಫೀಸಿನ್ಯಾಗ ಹಾಯ್ದೇ ಹೋಗ್ತಾವಲ್ಲ? ಹುಡುಗಿ ಅಪ್ಪ ಸೋಮಲಿಂಗಪ್ಪ ವೈರಿಂಗ್ ಕಾಂಟ್ರಾಕ್ಟರು. ತನ್ನ ಕಸುಬು ತಿಳಿದ ಅಳಿಯನೇ ಬೇಕಂತ ಹಟ ಹಿಡಿದು ಕುಂತಾನ. ಸಂಜಿ ತನಕ ಟೈಮ್ ಐತಿ, ಒಂದೀಟು ಕಲ್ಕೋ."

ಇಷ್ಟು ಹೇಳಿ ಮಾವ ತಿಂಡಿಗೆ ಹೋಟೆಲಿಗೆ ನಡೆದ. ಮಾವ ಹೋದ ವಾರವೇ ಕೊಟ್ಟಿದ್ದ ಹುಡುಗಿಯ ಫೋಟೋವನ್ನು ಅಮರೇಶ ದಿಂಬಿನ ಕೆಳಗಿಂದ ತೆಗೆದು ನೋಡಿದ. ಶೈಲಾ ಅಂತ ಹೆಸರು, ಶಿಶುವಿಹಾರದಲ್ಲಿ ಟೀಚರು. ಬೇರೆ ಹುಡುಗಿಯರ ಫೋಟೋಗಳಲ್ಲಿ ಎಲ್ಲರೂ ಲೈಟು ಕಂಬದಂತೆ ಬಿಗಿದು ನಿಂತಿದ್ದರೆ ಇವಳು ಮಾತ್ರ ಫೋಟೋ ತೆಗೆಯುವವನ ಯಾವುದೋ ಮಾತಿಗೆ ಬಿದ್ದುಬಿದ್ದು ನಗುತ್ತಿದ್ದಳು. ಆ ನಗುವಿಗಾಗಿ ಕರೆಂಟು ಕಲಿಯಬಹುದು ಅನ್ನಿಸಿತು.

ಆರ್‌ಪಿಸಿ ಲೇಔಟಿನ ಆ ವಠಾರದಲ್ಲಿ ಗುಟ್ಟು ಅನ್ನುವುದು ಒಲೆ ಮೇಲಿನ ಹಾಲಿದ್ದಂತೆ, ಉಕ್ಕದೆ ಇರುವುದಿಲ್ಲ. ಅವನು ಅಂಗಡಿಯಿಂದ ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ಒಂದಿಷ್ಟು ವೈರು ತಂದು ಜಗಲಿಯ ಮೇಲೆ ಇಡುವಷ್ಟರಲ್ಲಿ ಮನೆ ಓನರು ಅಕ್ಕಯ್ಯಮ್ಮ ಮೊರದ ಸಮೇತ ಬಂದು ಕೂತರು. ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು ಹನುಮಯ್ಯನವರು ಕನ್ನಡಕ ಒರೆಸುತ್ತಾ ಬಂದರು.

ಅಮರೇಶ ಸೆಲ್ಲಿನ ತುದಿಯಿಂದ ಬಲ್ಬಿಗೆ ಒಂದು ವೈರು ಹಿಡಿದ. ಬಲ್ಬು ಹತ್ತಲಿಲ್ಲ.

"ಒಂದೇ ವೈರು ಸಾಲದಪ್ಪ," ಎಂದರು ಮೇಷ್ಟ್ರು. "ಇಲ್ಲಿಂದ ಹೋದ ಕರೆಂಟು ಬಲ್ಬಿನ ಒಳಗೆ ಹಾದು ತಿರುಗಿ ಸೆಲ್ಲಿಗೇ ಬರಬೇಕು. ದಾರಿ ಎಲ್ಲೂ ಕಡಿದಿರಬಾರದು. ಅದಕ್ಕೇ ಸರ್ಕ್ಯೂಟು ಅನ್ನೋದು."

"ಬಲ್ಬಿಗೆ ಅಂತ ಕೊಟ್ಟಿದ್ದನ್ನ ವಾಪಸ್ ಯಾಕ್ರೀ ತಗೊಳ್ಳೋದು?" ಅಮರೇಶ ಕೇಳಿದ. ಪಾರ್ಸೆಲ್ ಆಫೀಸಿನಲ್ಲಿ ವಾಪಸ್ ಬಂದ ಮಾಲು ಎಂದರೆ ವಿಳಾಸ ತಪ್ಪು ಎಂದೇ ಅರ್ಥ.

"ನೀರಿದ್ದಂಗೆ ಅಂದ್ಕೊ. ಟ್ಯಾಂಕು ಎತ್ತರದಲ್ಲಿದ್ರೆ ನೀರು ಜೋರಾಗಿ ಬರುತ್ತೆ, ಅದು ವೋಲ್ಟೇಜು. ಪೈಪು ಸಣ್ಣದಾದ್ರೆ ನೀರಿಗೆ ತಡೆ, ಅದು ರೆಸಿಸ್ಟೆನ್ಸು."

"ಅಯ್ಯೋ, ನಮ್ಮ ಟ್ಯಾಂಕಿಂದ ಹೋದ ನೀರು ಯಾವತ್ತು ಕಣಪ್ಪ ವಾಪಸ್ ಬಂದೈತೆ?" ಎಂದರು ಅಕ್ಕಯ್ಯಮ್ಮ. ಮೇಷ್ಟ್ರು ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡರು.

ಅಷ್ಟರಲ್ಲಿ ಅಕ್ಕಯ್ಯಮ್ಮನ ಮೊಮ್ಮಗ ಸಂಪತ್ ಆಕಳಿಸುತ್ತಾ ಮೆಟ್ಟಿಲಿಳಿದು ಬಂದ. ಇಂಜಿನಿಯರಿಂಗ್ ಸೇರಿ ಪಾಸಾಗುವುದನ್ನು ಮರೆತವನು.

"ಗುರು, ಕರೆಂಟ್ ಪ್ಲಸ್ಸಿಂದ ಮೈನಸ್ಸಿಗೆ ಹೋಗುತ್ತೆ ಅಂತ ಬರೀತಾರೆ. ಆದ್ರೆ ನಿಜವಾಗ್ಲೂ ಎಲೆಕ್ಟ್ರಾನ್ ಹೋಗೋದು ಮೈನಸ್ಸಿಂದ ಪ್ಲಸ್ಸಿಗೆ."

"ಮತ್ತ ಉಲ್ಟಾ ಯಾಕ ಬರೀತಾರ?"

"ಮೊದ್ಲು ಯಾರೋ ಹಂಗೆ ಅಂದ್ಕೊಂಡು ಬರೆದುಬಿಟ್ರು. ಆಮೇಲೆ ತಪ್ಪು ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಎಲ್ಲರಿಗೂ ಅಭ್ಯಾಸ ಆಗೋಗಿತ್ತು ಗುರು."

ಅಮರೇಶನ ತಲೆ ಮಿಕ್ಸಿಗೆ ಬಿದ್ದ ತೆಂಗಿನಕಾಯಿಯಂತಾಯಿತು. ಬಲ್ಬಿನ ಗೊಡವೆಯೇ ಬೇಡವೆಂದು ವೈರಿನ ಎರಡೂ ತುದಿಗಳನ್ನು ನೇರ ಸೆಲ್ಲಿನ ಎರಡು ಕಡೆಗೆ ಒತ್ತಿ ಹಿಡಿದ. ಸ್ವಲ್ಪ ಹೊತ್ತಿನಲ್ಲಿ ವೈರು ಕಾದು ಬೆರಳು ಚುರ್ ಎಂದಿತು.

"ನೋಡ್ದಾ? ಮಧ್ಯೆ ಕೆಲಸ ಮಾಡೋ ಬಲ್ಬು ಇಲ್ದಿದ್ರೆ ಕರೆಂಟು ನುಗ್ಗಿ ಓಡುತ್ತೆ. ಅದು ಶಾರ್ಟ್ ಸರ್ಕ್ಯೂಟು," ಎಂದರು ಮೇಷ್ಟ್ರು ಸಂತೋಷದಿಂದ. ಅಮರೇಶ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದರಿಂದ ಆ ಮಾತು ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ಸಂಪತ್ ಗಣೇಶನ ಹಬ್ಬದ ಸೀರಿಯಲ್ ಸೆಟ್ ತಂದ. ಒಂದು ಬಲ್ಬು ಕಿತ್ತರೆ ಸಾಲಿಗೆ ಸಾಲೇ ಆರುವುದನ್ನು ತೋರಿಸಿ, "ಇದು ಸೀರೀಸು. ಮನೇಲಿರೋದು ಪ್ಯಾರಲಲ್ಲು, ಒಂದು ಹೋದ್ರೂ ಇನ್ನೊಂದು ಉರಿಯುತ್ತೆ," ಎಂದ. ಬೇರೆ ಬಲ್ಬುಗಳಲ್ಲಿ ಅದನ್ನೂ ತೋರಿಸೋಣವೆಂದು ಪ್ಲಗ್ಗೊಂದಕ್ಕೆ ಎರಡು ವೈರು ಸಿಕ್ಕಿಸಿಟ್ಟು, ಟೇಪು ತರಲು ಒಳಗೆ ಹೋದ.

ಅಮರೇಶ ನೋಡಿದ. ಎರಡು ವೈರಿನ ತುದಿಗಳು ದೂರ ದೂರ ತೂಗಾಡುತ್ತಿದ್ದವು. ದಾರಿ ಕಡಿದಿರಬಾರದು ಎಂದು ಮೇಷ್ಟ್ರು ಹೇಳಿದ್ದರಲ್ಲ! ಎರಡನ್ನೂ ಸೇರಿಸಿ ಚೆನ್ನಾಗಿ ಹೊಸೆದು, ಪ್ಲಗ್ಗು ಚುಚ್ಚಿ, ಸ್ವಿಚ್ಚು ಒತ್ತಿದ.

ಢಬ್!

ಮೇಲಿನ ಮನೆಯ ಟೀವಿ ಸಿನಿಮಾ ನಿಂತಿತು. ಕೆಳಗೆ ಅಕ್ಕಯ್ಯಮ್ಮನ ಗ್ರೈಂಡರು ಇಡ್ಲಿ ಹಿಟ್ಟನ್ನು ಅರ್ಧಕ್ಕೆ ಬಿಟ್ಟು ಮೌನವಾಯಿತು. ಅಮರೇಶನ ಮುಂದೆ ಪ್ಲಗ್ಗಿನಿಂದ ಹೊಗೆ ಏಳುತ್ತಿತ್ತು.

"ಮನೆ ಬಾಡಿಗೆಗೆ ಕೊಟ್ಟಿದ್ದು, ಸುಡಕ್ಕಲ್ಲ ಕಣಪ್ಪೋ!" ಎಂದು ಅಕ್ಕಯ್ಯಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಹನುಮಯ್ಯನವರು ಮೇನ್ ಸ್ವಿಚ್ ಆಫ್ ಮಾಡಿ, ಸುಟ್ಟ ಫ್ಯೂಸು ಕಿತ್ತು, ಹೊಸ ತಂತಿ ಕಟ್ಟುವುದನ್ನು ತೋರಿಸಿದರು. "ಫ್ಯೂಸು ಅಂದ್ರೆ ಬೇಕಂತಲೇ ಇಟ್ಟಿರೋ ಬಡಪಾಯಿ. ಮನೇಲಿ ಯಾರೇ ತಪ್ಪು ಮಾಡ್ಲಿ, ಮೊದ್ಲು ಸಾಯೋದು ಅದೇ."

ಇಡೀ ದಿನದಲ್ಲಿ ಅಮರೇಶನಿಗೆ ಪೂರ್ತಿ ಅರ್ಥವಾದದ್ದು ಇದೊಂದೇ.

ಸಂಜೆ ಕೆಂಗೇರಿಯಲ್ಲಿ ಸೋಮಲಿಂಗಪ್ಪ ಉಪ್ಪಿಟ್ಟು ಬರುವ ಮೊದಲೇ ಪರೀಕ್ಷೆ ಶುರು ಮಾಡಿದ. ಹೆಂಡತಿ ಹಾಲವ್ವ ಅಡಿಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು.

"ತಮ್ಮಾ, ಕರೆಂಟು ಯಾವ ಕಡಿಯಿಂದ ಯಾವ ಕಡಿಗೆ ಹರೀತೈತಿ?"

ಅಮರೇಶ ಸಂಪತ್ ಹೇಳಿದ್ದನ್ನೇ ಒಪ್ಪಿಸಿದ. "ಬರಿಯೂದು ಪ್ಲಸ್ಸಿನಿಂದ ಮೈನಸ್ಸಿಗ್ರೀ. ಹರಿಯೂದು ಮೈನಸ್ಸಿನಿಂದ ಪ್ಲಸ್ಸಿಗ್ರೀ. ಯಾಕ ಅಂತ ಮಾತ್ರ ಕೇಳಬ್ಯಾಡ್ರೀ."

"ಭಲೇ! ನನ್ನ ಕೈಕೆಳಗಿನ ಹುಡುಗೂರು ಒಬ್ಬರೂ ಇದನ್ನ ಹೇಳಿಲ್ಲ!"

ಮಡಿವಾಳಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಗಲೇ ದೀಪಗಳೆಲ್ಲ ಆರಿದವು. ಎದುರು ಮನೆಯಲ್ಲಿ ಬೆಳಕಿತ್ತು.

"ಹೋಗ್ರಿ ಅಳಿಯಂದ್ರ, ನೋಡ್ರಿ," ಎಂದ ಸೋಮಲಿಂಗಪ್ಪ ಟಾರ್ಚು ಚಾಚುತ್ತಾ. ಅಳಿಯ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಅಮರೇಶನ ಕಾಲಿಗೆ ಬಲ ಬಂತು. ಮೇನ್ ಆಫ್ ಮಾಡಿದ, ಫ್ಯೂಸು ಕಿತ್ತ, ತಂತಿ ಕಟ್ಟಿದ, ಕಣ್ಣು ಮುಚ್ಚಿಕೊಂಡು ಮೇನ್ ಹಾಕಿದ. ಕಣ್ಣು ಬಿಟ್ಟರೆ ಮನೆ ತುಂಬ ಬೆಳಕು! ಆ ಬೆಳಕಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಶೈಲಾ ನಿಂತಿದ್ದಳು. ಆದರೆ ಅವಳ ಮುಖದಲ್ಲಿ ಫೋಟೋದ ನಗು ಇರಲಿಲ್ಲ.

ಉಪ್ಪಿಟ್ಟು ತಿಂದಾದ ಮೇಲೆ, ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ವರಾಂಡಕ್ಕೆ ಎದ್ದು ಹೋದರು.

"ನೀವು ಕೆಟ್ಟವರಲ್ಲ ಅಂತ ಕಾಣಸ್ತದ," ಎಂದಳು ಶೈಲಾ ಮೆಲ್ಲಗೆ. "ಆದ್ರ ನಂಗ ಈ ಕಸುಬಿನವ್ರು ಬ್ಯಾಡ್ರೀ. ನಮ್ಮಪ್ಪ ಊರಿಗೆಲ್ಲ ಬೆಳಕು ಕೊಡ್ತಾರ. ಊಟಕ್ಕ ಕುಂತ್ರ ಫೋನು, ಹಬ್ಬದ ದಿನ ಫೋನು. ಮನಿ ಕೆಲಸ ಅಂದ್ರ ಮಾತ್ರ ನಾಳಿ ನೋಡೂಣು ಅಂತಾರ. ನಮ್ಮವ್ವ ಪಟ್ಟ ಪಾಡು ಸಾಕು. ವೈರು ಮುಟ್ಟದ ಹುಡುಗ ಯಾರಾದ್ರೂ ಆದೀತು. ಗುಮಾಸ್ತ ಆದ್ರೂ ಸರಿ."

ಅಮರೇಶನಿಗೆ ಕುಣಿಯಬೇಕು ಅನ್ನಿಸಿತು. "ನಾನು ಗುಮಾಸ್ತನೇ ರೀ!" ಎಂದು ಕೂಗಿಯೇಬಿಟ್ಟ. "ಪಾರ್ಸೆಲ್ ಆಫೀಸಿನ ಗುಮಾಸ್ತ! ನಂಗ ಕರೆಂಟಿನ ಗಂಧಗಾಳಿ ಗೊತ್ತಿಲ್ರೀ!"

ಆ ಕೂಗು ವರಾಂಡಕ್ಕೂ ಕೇಳಿಸಿತು. ಸೋಮಲಿಂಗಪ್ಪ ಧಡಕ್ಕನೆ ಒಳಗೆ ಬಂದ. "ಏನಂದಿ? ಗುಮಾಸ್ತ? ಅಂದ್ರ ಸುಳ್ಳು ಹೇಳಿ ನನ್ನ ಮನಿ ಉಪ್ಪಿಟ್ಟು ತಿಂದ್ಯಾ?"

ಅಮರೇಶ ಆಸೆಯಿಂದ ಶೈಲಾಳ ಕಡೆ ತಿರುಗಿದ. ಅವಳು ತಟ್ಟೆ ಎತ್ತಿಕೊಳ್ಳುತ್ತಿದ್ದಳು.

"ಕಣ್ಣ ಮುಂದ ಫ್ಯೂಸು ಕಟ್ಟಿ ದೀಪ ಹಚ್ಚಿದ್ರಿ. ಈಗ ಏನೂ ಬರೂದಿಲ್ಲ ಅಂತೀರಿ. ಎಲೆಕ್ಟ್ರಿಷಿಯನ್ನರ ಕೂಡ ಹ್ಯಾಂಗೋ ಬಾಳ್ವೆ ಮಾಡಬಹುದು, ಸುಳ್ಳು ಹೇಳೋರ ಕೂಡ ಆಗೂದಿಲ್ರೀ."

ಅಪ್ಪನಿಗೆ ಅವನು ಎಲೆಕ್ಟ್ರಿಷಿಯನ್ ಎಂಬ ನಂಬಿಕೆ ಹೋಗಿತ್ತು. ಮಗಳಿಗೆ ಅವನು ಎಲೆಕ್ಟ್ರಿಷಿಯನ್ ಅಲ್ಲ ಎಂಬ ನಂಬಿಕೆ ಬರಲೇ ಇಲ್ಲ. ಮಡಿವಾಳಪ್ಪ ಆಗಲೇ ಗೇಟು ದಾಟಿ ಬಸ್ ಸ್ಟಾಪಿನ ದಾರಿ ಹಿಡಿದಿದ್ದ.

ಅಮರೇಶ ತಲೆ ತಗ್ಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದೆ ಬಳೆ ಸದ್ದಾಯಿತು. ಹಾಲವ್ವ! ಸಂಜೆಯಿಡೀ ಬಾಯಿ ಬಿಡದಿದ್ದ ಆ ತಾಯಿ ಅವನ ಪರವಾಗಿ ಏನಾದರೂ ಹೇಳಬಹುದು ಎಂದು ಅವನು ತಲೆ ಎತ್ತಿದ.

ಹಾಲವ್ವ ಒಳಗೊಮ್ಮೆ ಹೊರಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಬ್ಯಾಸರ ಮಾಡ್ಕೋಬ್ಯಾಡೋ ನಮ್ಮಪ್ಪ. ನಿನ್ನ ಕೈ ಗುಣ ಚೊಲೊ ಐತಿ. ಹಿತ್ತಲ ಬಾಗಿಲಿಂದ ಬಾ. ಬಚ್ಚಲದಾಗ ಬಲ್ಬು ಹತ್ತದ ಭಾಳ ವರ್ಷ ಆತು, ಒಂದೀಟು ನೋಡಿ ಹೋಗು."

ಅಮರೇಶ ಚಪ್ಪಲಿ ಬಿಟ್ಟು ಹಿತ್ತಲಿಗೆ ನಡೆದ.